ಧೂಳು ಕವಿದ ಗ್ಯಾಲಕ್ಸಿಯಲ್ಲಿ ನಕ್ಷತ್ರ ಹುಟ್ಟಿನ ಲೆಕ್ಕ: ಬೆಳಕಲ್ಲ, ಕಾವು ಅಳೆಯಿರಿ

ಆರಿದ್ರಾ ಮಳೆ ಹಿಡಿದ ಮೇಲೆ ಹಸ್ತ, ಚಿತ್ತೆ ಕಳೆಯುವವರೆಗೆ ಮಲೆನಾಡಿನಲ್ಲಿ ದೂರದರ್ಶಕ ಹೊರಗೆ ತರುವ ಹಾಗಿಲ್ಲ. ಆ ನಾಲ್ಕು ತಿಂಗಳಲ್ಲಿ ಮನೆಯೊಳಗೆ ಕೂತು ಮಾಡಬಹುದಾದ ಗಟ್ಟಿ ಕೆಲಸವೊಂದಿದೆ: ಹತ್ತಿರದ, ಧೂಳು ತುಂಬಿದ ಗ್ಯಾಲಕ್ಸಿಗಳಲ್ಲಿ ವರ್ಷಕ್ಕೆ ಎಷ್ಟು ಸೂರ್ಯರಷ್ಟು ದ್ರವ್ಯ ಹೊಸ ನಕ್ಷತ್ರವಾಗುತ್ತಿದೆ ಎಂದು ಲೆಕ್ಕ ಹಾಕುವುದು. ಬೇಕಾದ ದತ್ತಾಂಶವೆಲ್ಲ ಸಾರ್ವಜನಿಕ ಸಂಗ್ರಹಗಳಲ್ಲಿ ಉಚಿತವಾಗಿ ಸಿಗುತ್ತದೆ. ಶಂಕರಘಟ್ಟದಲ್ಲಿ ಎಂಎಸ್ಸಿ ಓದುವವರಾಗಲಿ, ತೀರ್ಥಹಳ್ಳಿ ಕಡೆಯ ಹವ್ಯಾಸಿಗಳಾಗಲಿ ಒಂದು ಲ್ಯಾಪ್‌ಟಾಪಿನಲ್ಲಿ ಮಾಡಬಹುದು.

ಬಚ್ಚಲೊಲೆಗೆ ಹಸಿ ಸೌದೆ ಹಾಕಿದ ದಿನ ಹೊಗೆಯಲ್ಲಿ ಉರಿ ಕಾಣುವುದಿಲ್ಲ, ಆದರೂ ಹಂಡೆಯ ನೀರು ಕಾಯುತ್ತದೆ. ಉರಿ ಎಷ್ಟಿತ್ತು ಎಂದು ತಿಳಿಯಲು ನೀರಿನ ಬಿಸಿ ನೋಡುವುದೇ ಸರಿಯಾದ ದಾರಿ. ಗ್ಯಾಲಕ್ಸಿಯಲ್ಲೂ ಹಾಗೆಯೇ. ಹೊಸದಾಗಿ ಹುಟ್ಟಿದ ಭಾರೀ ನಕ್ಷತ್ರಗಳ ನೇರಳಾತೀತ ಬೆಳಕನ್ನು ಧೂಳಿನ ಕಣಗಳು ನುಂಗಿ, ಕಾದು, ಅದೇ ಶಕ್ತಿಯನ್ನು ಕಣ್ಣಿಗೆ ಕಾಣದ ಶಾಖದ ಬೆಳಕಾದ ಅವಕೆಂಪಿನಲ್ಲಿ ಹೊರಬಿಡುತ್ತವೆ. ಈ ಹೊಳಪು ಹೆಚ್ಚಾಗಿ 60ರಿಂದ 100 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಅಲೆಯುದ್ದದ ಆಸುಪಾಸಿನಲ್ಲಿ ಶಿಖರ ಮುಟ್ಟುತ್ತದೆ.

ಮೊದಲು, ಗೋಚರ ಬೆಳಕನ್ನೇ ತಿದ್ದಿಕೊಂಡು ಯಾಕೆ ಕೆಲಸ ಮುಗಿಸಬಾರದು ಎಂಬುದು. ಇಲ್ಲಿಯೇ ಹೆಚ್ಚಿನವರು ಎಡವುತ್ತಾರೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. ಧೂಳಿಲ್ಲದಿದ್ದರೆ ಹೊಸ ನಕ್ಷತ್ರಗಳ ಸುತ್ತ ಹೊಳೆಯುವ ಹೈಡ್ರೋಜನ್ನಿನ ಕೆಂಪು ಎಚ್-ಆಲ್ಫಾ ಮತ್ತು ನೀಲಿ ಎಚ್-ಬೀಟಾ ಗೆರೆಗಳ ಹೊಳಪಿನ ಅನುಪಾತ 2.86. ಧೂಳು ನೀಲಿಯನ್ನು ಹೆಚ್ಚು ತಿನ್ನುವುದರಿಂದ ಅನುಪಾತ ಏರುತ್ತದೆ. ಎಷ್ಟು ಏರಿತು ಎಂಬುದರಿಂದ ಎಚ್-ಆಲ್ಫಾ ಎಷ್ಟು ಮಂಕಾಗಿದೆ ಎಂದು ತೆಗೆಯುತ್ತಾರೆ: ಅಳೆದ ಅನುಪಾತವನ್ನು 2.86ರಿಂದ ಭಾಗಿಸಿ, ಅದರ ಲಾಗರಿದಮ್ಮನ್ನು 5.86ರಿಂದ ಗುಣಿಸಿದರೆ ಮ್ಯಾಗ್ನಿಟ್ಯೂಡ್ ಎಂಬ ಖಗೋಳದ ಹೊಳಪಿನ ಮಾನದಲ್ಲಿ ಉತ್ತರ. ಧೂಳು ನಮಗೂ ನಕ್ಷತ್ರಗಳಿಗೂ ನಡುವೆ ಪರದೆಯಂತೆ ತೂಗುತ್ತಿದ್ದರೆ ಇದು ಸರಿ.

ಆದರೆ ಆಗುಂಬೆ ಘಾಟಿಯ ಮಂಜಿನೊಳಗೆ ಸಾಲಾಗಿ ನಿಂತ ಲಾರಿಗಳ ದೀಪ ನೆನೆಯಿರಿ. ಮಂಜು ದೀಪಗಳ ಮುಂದೆ ಮಾತ್ರವಲ್ಲ, ನಡುವೆಯೂ ತುಂಬಿದೆ. ನಮಗೆ ಕಾಣುವುದು ಹತ್ತಿರದ ನಾಲ್ಕು ದೀಪ. ಧೂಳಿನ ಗ್ಯಾಲಕ್ಸಿಯಲ್ಲಿ ನಕ್ಷತ್ರಗಳೂ ಧೂಳೂ ಹೀಗೆ ಕಲೆತಿದ್ದರೆ, ಧೂಳು ಎಷ್ಟೇ ಹೆಚ್ಚಲಿ, ಅನುಪಾತ ಸುಮಾರು 4.1ಕ್ಕೆ ಬಂದು ನಿಂತುಬಿಡುತ್ತದೆ. ಆ ಸಂಖ್ಯೆಯನ್ನು ಮೇಲಿನ ಸೂತ್ರಕ್ಕೆ ಹಾಕಿದರೆ 0.9 ಮ್ಯಾಗ್ನಿಟ್ಯೂಡ್, ಅಂದರೆ ಬೆಳಕನ್ನು 2.3 ಪಟ್ಟು ಹೆಚ್ಚಿಸಿ ಎನ್ನುತ್ತದೆ. ನಿಜವಾದ ಧೂಳಿನ ಆಳ (ಧೂಳು ಬೆಳಕನ್ನು ಎಷ್ಟು ತಡೆಯುತ್ತದೆ ಎಂಬ ಅಳತೆ) ಎಚ್-ಆಲ್ಫಾದಲ್ಲಿ 20 ಇದ್ದರೆ ಬೇಕಾದದ್ದು 20 ಪಟ್ಟು! ಸೂತ್ರದಲ್ಲಿ ತಪ್ಪಿಲ್ಲ, ಅಳತೆಯ ಅನಿಶ್ಚಿತತೆ ಚಿಕ್ಕದಾಗಿಯೇ ಕಾಣುತ್ತದೆ, ಉತ್ತರ ಮಾತ್ರ ಎಂಟು-ಒಂಬತ್ತು ಪಟ್ಟು ಕಡಿಮೆ. ಇದರ ಮೇಲೆ ಇನ್ನೂ ಎರಡು ತೊಡಕು. ಹಳೆಯ ನಕ್ಷತ್ರಗಳ ರೋಹಿತದಲ್ಲಿ ಎಚ್-ಬೀಟಾ ಜಾಗದಲ್ಲಿ ಕಪ್ಪು ಗೆರೆ ಇರುತ್ತದೆ, ಅದನ್ನು ಮೊದಲು ತೆಗೆಯದಿದ್ದರೆ ಎಚ್-ಬೀಟಾ ಕಡಿಮೆ ಬಂದು ಧೂಳು ಹೆಚ್ಚಿದ್ದಂತೆ ತೋರುತ್ತದೆ. ಫಿಲ್ಟರ್ ಹಾಕಿ ಚಿತ್ರ ತೆಗೆದಿದ್ದರೆ 6563 ಆಂಗ್‌ಸ್ಟ್ರಾಂನ ಎಚ್-ಆಲ್ಫಾ ಜೊತೆ 6548 ಮತ್ತು 6583ರ ನೈಟ್ರೋಜನ್ ಗೆರೆಗಳೂ ಒಳಗೆ ನುಗ್ಗುತ್ತವೆ.

ಈಗ ಕಾವಿನ ಲೆಕ್ಕ. 1983ರಲ್ಲಿ ಹಾರಿದ ಐರಾಸ್ ಉಪಗ್ರಹ ಹತ್ತು ತಿಂಗಳಲ್ಲಿ ಬಹುತೇಕ ಇಡೀ ಆಕಾಶವನ್ನು 12, 25, 60, 100 ಮೈಕ್ರಾನ್‌ಗಳಲ್ಲಿ ಅಳೆಯಿತು. 60 ಮೈಕ್ರಾನ್‌ನಲ್ಲಿ 5.24 ಜಾನ್ಸ್ಕಿಗಿಂತ (ನಮ್ಮನ್ನು ತಲುಪುವ ವಿಕಿರಣದ ಅಳತೆಯ ಘಟಕ) ಹೊಳೆಯುವ, ಆಕಾಶಗಂಗೆಯಾಚೆಯ 629 ಮೂಲಗಳ ಪಟ್ಟಿ ಇಂದಿಗೂ ಈ ಕೆಲಸದ ತಳಪಾಯ. ನಾಲ್ಕು ಅಳತೆಗಳನ್ನು ಜಾನ್ಸ್ಕಿಯಲ್ಲಿ ಬರೆದುಕೊಳ್ಳಿ. 12ರದ್ದನ್ನು 13.48ರಿಂದ, 25ರದ್ದನ್ನು 5.16ರಿಂದ, 60ರದ್ದನ್ನು 2.58ರಿಂದ ಗುಣಿಸಿ, 100ರದ್ದನ್ನು ಹಾಗೆಯೇ ಸೇರಿಸಿ ಕೂಡಿ. ಮೊತ್ತವನ್ನು 1.8 × 10⁻¹⁴ರಿಂದ ಗುಣಿಸಿದರೆ 8ರಿಂದ 1000 ಮೈಕ್ರಾನ್‌ವರೆಗಿನ ಒಟ್ಟು ಅವಕೆಂಪು ಬೆಳಕು ಚದರ ಮೀಟರಿಗೆ ಎಷ್ಟು ವಾಟ್ ಎಂದು ಬರುತ್ತದೆ.

ಎನ್‌ಜಿಸಿ 253 ಎಂಬ ಹತ್ತಿರದ ಗ್ಯಾಲಕ್ಸಿಗೆ ಮಾಡಿ ನೋಡೋಣ. ಅಳತೆಗಳು ಸುಮಾರು 41, 155, 968, 1288 ಜಾನ್ಸ್ಕಿ. ಕೂಡಿದ ಮೊತ್ತ 5138, ಅದರಿಂದ ಚದರ ಮೀಟರಿಗೆ 9.25 × 10⁻¹¹ ವಾಟ್. ದೂರ 3.5 ಮೆಗಾಪಾರ್ಸೆಕ್, ಅಂದರೆ 1.08 × 10²³ ಮೀಟರ್. ದೂರದ ವರ್ಗವನ್ನು 4 ಪೈನಿಂದಲೂ ಈ ವಾಟ್ ಅಳತೆಯಿಂದಲೂ ಗುಣಿಸಿದರೆ 1.36 × 10³⁷ ವಾಟ್, ಎಂದರೆ 3.5 × 10¹⁰ ಸೂರ್ಯರ ಹೊಳಪು. ಇದನ್ನು ಹೊಳಪಿನಿಂದ ಹುಟ್ಟಿನ ದರ ಕೊಡುವ ಗುಣಕ 1.49 × 10⁻¹⁰ರಿಂದ ಗುಣಿಸಿ: ವರ್ಷಕ್ಕೆ 5.3 ಸೌರದ್ರವ್ಯರಾಶಿ. ನಮ್ಮ ಆಕಾಶಗಂಗೆಯದು ಸುಮಾರು 2.

ಅದೇ ದಾರಿಯಲ್ಲಿ ಆರ್ಪ್ 220 ಗ್ಯಾಲಕ್ಸಿ: 0.61, 8, 104, 115 ಜಾನ್ಸ್ಕಿ, ದೂರ 80 ಮೆಗಾಪಾರ್ಸೆಕ್. ಹೊಳಪು 1.56 × 10¹² ಸೂರ್ಯರಷ್ಟು, ದರ ವರ್ಷಕ್ಕೆ ಸುಮಾರು 230. ಹೊಳಪು 10¹¹ ದಾಟಿದವನ್ನು ಅವಕೆಂಪಿನಲ್ಲಿ ಪ್ರಖರವಾದ ಗ್ಯಾಲಕ್ಸಿ ಎಂದೂ, 10¹² ದಾಟಿದವನ್ನು ಅತಿಪ್ರಖರ ಎಂದೂ ವಿಂಗಡಿಸುತ್ತಾರೆ.

ಗುಣಕದ ಬಗ್ಗೆ ಎಚ್ಚರ. ಹಳೆಯ ಪ್ರಬಂಧಗಳಲ್ಲಿ 1.7 × 10⁻¹⁰ ಎಂದಿರುತ್ತದೆ. ಅದು ಹುಟ್ಟುವ ನಕ್ಷತ್ರಗಳಲ್ಲಿ ಚಿಕ್ಕವು ಎಷ್ಟು, ದೊಡ್ಡವು ಎಷ್ಟು ಎಂಬ ಸಾಲ್ಪೀಟರ್ ಹಂಚಿಕೆಗೆ ಸೇರಿದ್ದು. 1.49 ಕ್ರೂಪಾ ಹಂಚಿಕೆಗೆ. ಒಂದು ಗ್ಯಾಲಕ್ಸಿಗೆ ಒಂದನ್ನು, ಇನ್ನೊಂದಕ್ಕೆ ಮತ್ತೊಂದನ್ನು ಬಳಸಿ ಹೋಲಿಸಿದವರ ಕೋಷ್ಟಕ ಕಣ್ಣಿಗೆ ಬಿದ್ದರೆ ಬೇಸರವಾಗುತ್ತದೆ, ಏಕೆಂದರೆ ಕೋಷ್ಟಕದ ಮೇಲೆ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಎರಡೂ ಗುಣಕಗಳು ಸುಮಾರು ಹತ್ತು ಕೋಟಿ ವರ್ಷ ಒಂದೇ ಸಮನೆ ನಕ್ಷತ್ರ ಹುಟ್ಟಿವೆ ಎಂದು ಊಹಿಸುತ್ತವೆ. ಹುಟ್ಟಿನ ಭರಾಟೆ ಈಗಷ್ಟೇ ಶುರುವಾಗಿದ್ದರೆ ಉತ್ತರ ಕಡಿಮೆ ಬರುತ್ತದೆ, ಈಚೆಗೆ ನಿಂತಿದ್ದರೆ ಹೆಚ್ಚು.

ದೂರವೂ ಹಾಗೆಯೇ ಕೈ ಕೊಡುತ್ತದೆ. ಎಂ 82 ಗ್ಯಾಲಕ್ಸಿ ನಮ್ಮಿಂದ ಸೆಕೆಂಡಿಗೆ ಸುಮಾರು 203 ಕಿಲೋಮೀಟರ್ ವೇಗದಲ್ಲಿ ಸರಿಯುತ್ತಿದೆ. ಅದನ್ನು ಬ್ರಹ್ಮಾಂಡ ಹಿಗ್ಗುವ ದರವಾದ 70ರಿಂದ ಭಾಗಿಸಿ 2.9 ಮೆಗಾಪಾರ್ಸೆಕ್ ಎಂದುಕೊಂಡರೆ ಹೊಳಪು ಶೇಕಡಾ 31ರಷ್ಟು ಕಡಿಮೆಯಾಗುತ್ತದೆ, ಏಕೆಂದರೆ ನಿಜವಾದ ದೂರ 3.5. ಇಷ್ಟು ಹತ್ತಿರದಲ್ಲಿ ಗ್ಯಾಲಕ್ಸಿಯ ಸ್ವಂತ ಚಲನೆಯೇ ದೊಡ್ಡದು. ನಕ್ಷತ್ರಗಳಿಂದ ಅಳೆದ ದೂರವನ್ನೇ ಬಳಸಿ.

ಐರಾಸ್ ಕಣ್ಣು ಮಬ್ಬು. 60 ಮೈಕ್ರಾನ್‌ನಲ್ಲಿ ಒಂದು ಆರ್ಕ್‌ಮಿನಿಟಿನೊಳಗಿನ (ಡಿಗ್ರಿಯ ಅರವತ್ತರಲ್ಲೊಂದು ಪಾಲು) ಜೋಡಿ ಗ್ಯಾಲಕ್ಸಿಗಳು ಒಂದೇ ಚುಕ್ಕೆ. ಬೇರ್ಪಡಿಸಲು ವೈಸ್ ಉಪಗ್ರಹದ 22 ಮೈಕ್ರಾನ್ ಚಿತ್ರ ಬೇಕು, ಅದರ ಚುಕ್ಕೆ ಅಗಲ 12 ಆರ್ಕ್‌ಸೆಕೆಂಡ್. ಪೂರ್ತಿ ಚಿತ್ರ ಇಳಿಸಿಕೊಳ್ಳಬೇಡಿ: 4095 ಪಿಕ್ಸೆಲ್ ಅಗಲ, ಅಷ್ಟೇ ಎತ್ತರ, ಒಂದಕ್ಕೆ 67 ಮೆಗಾಬೈಟ್. ಹೊಸನಗರದ ಗುಡ್ಡಗಳ ನಡುವೆ ಮಳೆಗಾಲದ ನೆಟ್‌ವರ್ಕಿಗೆ ಅದು ಅರ್ಧದಲ್ಲೇ ನಿಲ್ಲುತ್ತದೆ. 600 ಆರ್ಕ್‌ಸೆಕೆಂಡಿನ ತುಂಡು ಕೇಳಿ, 436 ಪಿಕ್ಸೆಲ್, ಒಂದು ಮೆಗಾಬೈಟಿಗಿಂತ ಕಡಿಮೆ.

ಆ ತುಂಡಿನ ಮೇಲೆ ಗ್ಯಾಲಕ್ಸಿಯ ನಡುವಿನಿಂದ ವೃತ್ತಗಳನ್ನು ದೊಡ್ಡದು ಮಾಡುತ್ತ ಹೋಗಿ, ಒಳಗಿನ ಮೊತ್ತ ಏರುವುದು ನಿಂತಲ್ಲಿ ನಿಲ್ಲಿ. ಅದರಾಚೆಗೆ ಒಂದು ಬಳೆ ಎಳೆದು ಅಲ್ಲಿನ ಮಧ್ಯಕ ಬೆಲೆಯನ್ನು ಹಿನ್ನೆಲೆ ಎಂದು ಕಳೆಯಿರಿ. ಏರಿಕೆ ನಿಲ್ಲದೆ ಇಳಿಯತೊಡಗಿದರೆ ಹಿನ್ನೆಲೆ ಹೆಚ್ಚು ಕಳೆದಿದ್ದೀರಿ, ಬಳೆಯೊಳಗೆ ಗ್ಯಾಲಕ್ಸಿಯ ಅಂಚೇ ಬಿದ್ದಿರಬಹುದು. ಮೊತ್ತದ ಲಾಗರಿದಮ್ಮನ್ನು 2.5ರಿಂದ ಗುಣಿಸಿ 13ರಿಂದ ಕಳೆದರೆ ಮ್ಯಾಗ್ನಿಟ್ಯೂಡ್. ಸೊನ್ನೆ ಮ್ಯಾಗ್ನಿಟ್ಯೂಡ್ ಎಂದರೆ 8.363 ಜಾನ್ಸ್ಕಿ, ಹಾಗಾಗಿ 2 ಬಂದರೆ 1.3 ಜಾನ್ಸ್ಕಿ. ವೈಸ್ ಪಟ್ಟಿಯಲ್ಲಿ ಸಿದ್ಧವಾಗಿ ಸಿಗುವ ಮ್ಯಾಗ್ನಿಟ್ಯೂಡನ್ನು ಎತ್ತಿಕೊಳ್ಳಬೇಡಿ. ಅದು ಚುಕ್ಕೆಯಂಥ ನಕ್ಷತ್ರಗಳಿಗೆ ಹೊಂದಿಸಿದ್ದು, ಹರಡಿದ ಗ್ಯಾಲಕ್ಸಿಯ ಹೊರಭಾಗವನ್ನು ಬಿಟ್ಟುಬಿಡುತ್ತದೆ. ಇನ್ನೊಂದು ಕಡೆ, ಎಂ 82ರ ನಡುಭಾಗದಷ್ಟು ಪ್ರಖರವಾದರೆ ವೈಸ್‌ನ ಪಿಕ್ಸೆಲ್‌ಗಳೇ ತುಂಬಿ ಹೋಗುತ್ತವೆ. ಅಲ್ಲಿ ಐರಾಸ್ ಮೇಲು.

ಇನ್ನು ಕಾವು ಯಾರದು ಎಂಬ ಪ್ರಶ್ನೆ. ಬಚ್ಚಲೊಲೆಯಲ್ಲಿ ನಿನ್ನೆಯ ಕೆಂಡವೂ ಸ್ವಲ್ಪ ಬಿಸಿ ಕೊಡುತ್ತದೆ. ಶಾಂತವಾದ ಸುರುಳಿ ಗ್ಯಾಲಕ್ಸಿಗಳಲ್ಲಿ ಹಳೆಯ ನಕ್ಷತ್ರಗಳು ಕಾಯಿಸಿದ ತಣ್ಣನೆಯ ಧೂಳಿನ ಪಾಲು ದೊಡ್ಡದು, ಮೇಲಿನ ಸೂತ್ರ ಅಲ್ಲಿ ದರವನ್ನು ಹೆಚ್ಚು ತೋರಿಸುತ್ತದೆ. ಆರ್ಪ್ 220ರಂಥವುಗಳಲ್ಲಿ ಈ ಚಿಂತೆ ಕಡಿಮೆ. ಅಲ್ಲಿನ ಚಿಂತೆ ಕೇಂದ್ರದ ಕಪ್ಪುಕುಳಿ. ಅದರ ಸುತ್ತ ಬೀಳುವ ಅನಿಲವೂ ಧೂಳನ್ನು ಕಾಯಿಸುತ್ತದೆ, ಇನ್ನೂ ಹೆಚ್ಚು ಬಿಸಿಯಾಗಿ. ಆದ್ದರಿಂದ 25ರ ಅಳತೆಯನ್ನು 60ರ ಅಳತೆಯಿಂದ ಭಾಗಿಸಿ ನೋಡುವುದು ನಾವು ಎಂದೂ ಬಿಡದ ಪರೀಕ್ಷೆ. 0.2 ದಾಟಿದರೆ ಅನುಮಾನಿಸಿ. ಆರ್ಪ್ 220ರಲ್ಲಿ 0.08. ಎಂ 77 ಎಂದೂ ಕರೆಯುವ ಎನ್‌ಜಿಸಿ 1068ರಲ್ಲಿ 88ಕ್ಕೆ 196, ಅಂದರೆ 0.45. ಕಣ್ಣು ಮುಚ್ಚಿ ಸೂತ್ರ ಹಾಕಿದರೆ ಅದಕ್ಕೆ ವರ್ಷಕ್ಕೆ 30 ಬರುತ್ತದೆ, ಆದರೆ ಆ ಕಾವಿನಲ್ಲಿ ದೊಡ್ಡ ಪಾಲು ಕಪ್ಪುಕುಳಿಯದು. ಈ ಪರೀಕ್ಷೆಯೂ ಪೂರ್ಣವಲ್ಲ: ಧೂಳು ತೀರಾ ದಪ್ಪವಿದ್ದರೆ 25 ಮೈಕ್ರಾನ್ ಬೆಳಕೂ ಹೊರಬರದೆ ಕಪ್ಪುಕುಳಿ ಅಡಗಿರುತ್ತದೆ. ಆಗ ರೇಡಿಯೋ ಅಳತೆ ಜೊತೆಗಿರಲಿ, ಏಕೆಂದರೆ 1.4 ಗಿಗಾಹರ್ಟ್ಸ್ ಅಲೆಗೆ ಧೂಳು ಅಡ್ಡಿಯೇ ಅಲ್ಲ. ಅವಕೆಂಪು ಮತ್ತು ರೇಡಿಯೋ ಹೊಳಪುಗಳ ಅನುಪಾತ ನಕ್ಷತ್ರ ಹುಟ್ಟುವ ಗ್ಯಾಲಕ್ಸಿಗಳಲ್ಲಿ ಬಹುತೇಕ ಒಂದೇ ಇರುತ್ತದೆ, ರೇಡಿಯೋ ತೀರಾ ಜಾಸ್ತಿಯಿದ್ದರೆ ಕೇಂದ್ರದ ಕಡೆ ನೋಡಬೇಕು.

ಮೊದಲ ಲೆಕ್ಕಕ್ಕೆ ಎನ್‌ಜಿಸಿ 253ನ್ನೇ ಹಿಡಿಯಿರಿ, ಏಕೆಂದರೆ ಮಳೆ ಬಿಟ್ಟ ಮೇಲೆ ಅದನ್ನು ಕಣ್ಣಾರೆ ನೋಡಲೂಬಹುದು. ನವೆಂಬರ್ ಮಧ್ಯದಲ್ಲಿ ರಾತ್ರಿ ಒಂಬತ್ತೂವರೆ ಸುಮಾರಿಗೆ ಶಿವಮೊಗ್ಗದಿಂದ ಅದು ನೇರ ದಕ್ಷಿಣಕ್ಕೆ, ದಿಗಂತದಿಂದ 51 ಡಿಗ್ರಿ ಎತ್ತರದಲ್ಲಿರುತ್ತದೆ. ತಿಮಿಂಗಿಲ ರಾಶಿಯ ಡಿಫ್ಡಾ ನಕ್ಷತ್ರದಿಂದ ಏಳು ಡಿಗ್ರಿ ಕೆಳಗೆ ಬೈನಾಕ್ಯುಲರ್ ಇಳಿಸಿ. ಕತ್ತಲ ತೋಟದ ಅಂಚಿನಿಂದ, ಮಂಜು ಕವಿಯುವ ಮೊದಲು, ಉದ್ದನೆಯ ಮಸುಕು ಗೀರಾಗಿ ಕಾಣುತ್ತದೆ.