ಮೊಬೈಲ್ ನೋಡ್ತಿದ್ದೀಯೇನೋ?

ಶನಿವಾರ ರಾತ್ರಿ ಹನುಮಂತನಗರದ ಗಣೇಶನ ಪೆಂಡಾಲಿನಲ್ಲಿ, ಹಾಡು ನಡೀತಿರುವಾಗಲೇ, ಪಕ್ಕದಲ್ಲಿ ಇನ್ನೊಂದು ಕೀಬೋರ್ಡ್ ಬಾರಿಸುತ್ತಿದ್ದ ಮೇಷ್ಟ್ರು ನನ್ನ ಕಡೆ ಬಗ್ಗಿ ಕೇಳಿದ ಮಾತಿದು. "ಏನಪ್ಪಾ, ಮೊಬೈಲ್ ನೋಡ್ತಿದ್ದೀಯೇನೋ?" ಇವತ್ತು ಗುರುವಾರ. ಇನ್ನೂ ಕಿವಿಯಲ್ಲೇ ಇದೆ.

ನಾನು ನೋಡುತ್ತಿದ್ದದ್ದು ಮೊಬೈಲ್ ಅಲ್ಲ, ನನ್ನ ಕೀಬೋರ್ಡಿನ ಸ್ಕ್ರೀನು. ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಮಾಡಿದ್ದ ಸ್ಟ್ರಿಂಗ್ಸ್ ಸೌಂಡು ಬೆಣ್ಣೆ ಹಾಗಿತ್ತು. ಅದೇ ಸೌಂಡು ಪೆಂಡಾಲಿನ ಸ್ಪೀಕರಿನಲ್ಲಿ ತಗಡು ಕೆರೆದ ಹಾಗೆ ಬಂತು. ಪಲ್ಲವಿಯ ಎರಡನೇ ಸಾಲಿಗೇ ಗಾಯಕಿ ತಿರುಗಿ ನನ್ನನ್ನು ನೋಡಿದರು. ಅವರು ತಾವೇ ಶ್ರುತಿ ತಪ್ಪಿದಾಗಲೂ ನಮ್ಮನ್ನೇ ನೋಡೋದು, ಅದು ಬೇರೆ ವಿಷಯ. ಆದರೆ ಈ ಸಲ ತಪ್ಪು ನನ್ನದೇ.

ಬೇಕಾಗಿದ್ದು ಇಷ್ಟೇ, ಫಿಲ್ಟರಿನ ಕಟ್‌ಆಫ್ ಸ್ವಲ್ಪ ಇಳಿಸಬೇಕು, ಅಂದರೆ ಫಿಲ್ಟರ್ ಸೌಂಡನ್ನು ಎಲ್ಲಿಂದ ಮೇಲೆ ಕತ್ತರಿಸುತ್ತೋ ಆ ಗೆರೆ ಕೆಳಗೆ ಬಂದು, ಆ ಚುಚ್ಚುವ ಮೇಲಿನ ಭಾಗ ಹೋಗಬೇಕು. ಎಡಿಟ್ ಒತ್ತಿದೆ. ಯಾವ ಪಾರ್ಟ್ ಅಂತು. ಪಾರ್ಟ್ ಆರಿಸಿದೆ. ಟೋನ್ ಒಂದಾ ಎರಡಾ ಅಂತು. ಫಿಲ್ಟರ್ ಇರೋದು ಮೂರನೇ ಪುಟದಲ್ಲಿ, ಅವಸರದಲ್ಲಿ ನಾಲ್ಕಕ್ಕೆ ಹೋಗಿಬಿಟ್ಟೆ, ಅಲ್ಲಿ ಸೌಂಡನ್ನು ಅಲುಗಿಸುವ ಎಲ್‌ಎಫ್‌ಓ ಕೂತಿತ್ತು. ಮತ್ತೆ ವಾಪಸ್. ಎಡಗೈ ಒಂದೇ ಕಾರ್ಡ್ ಹಿಡಿದುಕೊಂಡು ನಿಂತಿತ್ತು, ಬದಲಾಗಬೇಕಾದ ಕಡೆ ಬದಲಾಗಲೂ ಇಲ್ಲ. ಕಟ್‌ಆಫ್ ಕೈಗೆ ಸಿಕ್ಕಾಗ ಚರಣವೂ ಮುಗಿದಿತ್ತು.

ಮೇಷ್ಟ್ರದ್ದು ರೋಲ್ಯಾಂಡ್ ಕಂಪನಿಯ ಜೂನೋ-106 ಕೀಬೋರ್ಡು. 1984ರ ಮಾಡೆಲ್, ಮುಖದ ತುಂಬಾ ಸ್ಲೈಡರ್‌ಗಳು. ಅವರು ಹಿಡಿದಿದ್ದ ಪ್ಯಾಡ್ ಸೌಂಡೂ ಜಾಸ್ತಿ ಹೊಳೀತಿದೆ ಅನಿಸಿರಬೇಕು. ಎಡಗೈ ಹೋಯಿತು, ಫಿಲ್ಟರಿನ ಸ್ಲೈಡರನ್ನು ಒಂದು ಉಗುರಿನಷ್ಟು ಕೆಳಗೆ ಎಳೆಯಿತು, ವಾಪಸ್ ಬಂತು. ಅಷ್ಟೂ ಹೊತ್ತು ಅವರ ಕಣ್ಣು ತಬಲಾದವನ ಮೇಲಿತ್ತು. ಆಮೇಲೆ ನನ್ನ ಕಡೆ ತಿರುಗಿ ಆ ಮಾತು.

ಮೇಷ್ಟ್ರು ಹೊಗಳುವುದರಲ್ಲಿ ಮಹಾ ಜಿಪುಣ. ಚುಚ್ಚುವುದರಲ್ಲಿ ಮಾತ್ರ ಧಾರಾಳ. ಆದರೆ ಅವರೂ ಈ ಪಾಡು ಪಟ್ಟವರೇ. ಪ್ರೋಗ್ರಾಂ ಮುಗಿದ ಮೇಲೆ ಟೀ ಕುಡಿಯುತ್ತಾ ಡಿಎಕ್ಸ್7 ಬಾರಿಸುತ್ತಿದ್ದ ಕಾಲದ ಕಥೆ ತೆಗೆದರು. 1983ರಲ್ಲಿ ಬಂದ ಯಮಹಾ ಕೀಬೋರ್ಡ್ ಅದು. ಸೌಂಡು ಹುಟ್ಟಿಸುವ ಆರು ಆಪರೇಟರ್, ಅವನ್ನು ಒಂದಕ್ಕೊಂದು ಜೋಡಿಸುವ 32 ಅಲ್ಗಾರಿದಮ್, ತಿದ್ದಬೇಕಾದ ಅಂಶಗಳು ನೂರಕ್ಕೂ ಜಾಸ್ತಿ. ಅಷ್ಟಕ್ಕೂ ಸೇರಿ ಒಂದು ಸ್ಲೈಡರು, ಒಂದಷ್ಟು ಚಪ್ಪಟೆ ಬಟನ್ನು, ಸಾಲಿಗೆ 16 ಅಕ್ಷರದಂತೆ ಎರಡೇ ಸಾಲಿನ ಸ್ಕ್ರೀನು. "ಒಳಗೆ ಯಾರು ಕೈ ಹಾಕ್ತಾರೋ? ಅದರ ಪಿಯಾನೋ ಚೆನ್ನಾಗಿತ್ತು, ಅದನ್ನೇ ಬಾರಿಸಿದ್ವಿ" ಅಂದರು. ಪ್ರಪಂಚದಲ್ಲಿ ಎಷ್ಟೋ ಜನ ಮಾಡಿದ್ದೂ ಅದನ್ನೇ.

ಹಾಗಂತ ಸ್ಕ್ರೀನನ್ನು ಬೈಯಲು ನನಗೆ ಬಾಯಿ ಬರಲ್ಲ. ವಾರದಲ್ಲಿ ಐದು ದಿನ ಅನ್ನ ಕೊಡುವುದು ಅದೇ. ನೂರು ಅಂಶಕ್ಕೆ ನೂರು ನಾಬ್ ಇಟ್ಟರೆ ಆ ಕೀಬೋರ್ಡನ್ನು ಆಟೋದಲ್ಲಿ ತರೋದು ಹೇಗೆ? 1970ರ ಮಿನಿಮೂಗ್ ಕೀಬೋರ್ಡಿನಲ್ಲಿ ನಾಬ್‌ಗಳೇನೋ ಚೆಂದ, ಆದರೆ ಮೆಮೊರಿಯೇ ಇಲ್ಲ, ತಿರುಗಿಸಿದರೆ ಹಿಂದಿನ ಸೌಂಡು ಹೋಯಿತು, ಬೇಕಿದ್ದರೆ ಪೇಪರಿನಲ್ಲಿ ಗುರುತು ಹಾಕಿಕೊಳ್ಳಬೇಕು. ಒಂದು ರಾತ್ರಿಗೆ ಮೂವತ್ತು ಹಾಡು ಬಾರಿಸುವ ನಮ್ಮಂಥವರಿಗೆ ಅದು ಆಗದ ಮಾತು. ನಾಬೂ ಇದ್ದು, ಮಾಡಿದ್ದನ್ನು ನೆನಪಿಟ್ಟುಕೊಳ್ಳುವ ಪ್ರಾಫೆಟ್-5 ಬಂದಿದ್ದು 1978ರಲ್ಲಿ. ಎರಡೂ ಒಟ್ಟಿಗೆ ಆಗುತ್ತೆ ಅಂತ ಅವಾಗಲೇ ಗೊತ್ತಿತ್ತು, ಅಲ್ವಾ?

ನನಗೆ ನಿಜವಾಗಿ ನಾಟಿದ್ದು ತಡವಾಯಿತು ಅನ್ನೋದಲ್ಲ. ಕೊನೆಗೂ ಕಟ್‌ಆಫ್ ಸಿಕ್ಕಾಗ 87 ಇತ್ತು. 70 ಮಾಡಿದೆ. ಸರಿಹೋಯಿತು ಅಂದುಕೊಂಡೆ. ಕೇಳಿಸಿಕೊಳ್ಳಲೇ ಇಲ್ಲ! ನಂಬರ್ ಇಳಿದಿದ್ದನ್ನು ನೋಡಿದೆ, ಅಷ್ಟೇ. ಆಮೇಲೆ ಯಾರೋ ಕಳಿಸಿದ ವಿಡಿಯೋದಲ್ಲಿ ಕೇಳಿದರೆ ಕೊನೆಯ ಪಲ್ಲವಿಯಲ್ಲೂ ಅದೇ ತಗಡು, ಸ್ವಲ್ಪ ಕಮ್ಮಿ. ಮೇಷ್ಟ್ರಿಗೆ ತಮ್ಮ ಸ್ಲೈಡರ್ ಎಷ್ಟರಲ್ಲಿದೆ ಅಂತ ಕೇಳಿದರೆ ಹೇಳಲಾರರು. ಸೌಂಡು ಸಾಕು ಅನಿಸಿದಲ್ಲಿ ಬೆರಳು ನಿಂತಿತ್ತು.

ಮನೆಯಲ್ಲಿ ಇದನ್ನು ಹೇಳಿದಾಗ ನನ್ನ ಹೆಂಡತಿ ಇಂಡಕ್ಷನ್ ಒಲೆ ತೋರಿಸಿದಳು. "ಹಾಲು ಉಕ್ಕುವಾಗ ಮೈನಸ್ ಬಟನ್ ಆರು ಸಲ ಒತ್ತು ನೋಡೋಣ. ಇದನ್ನ ತಂದಿದ್ದು ಯಾರು?" ನಾನೇ.

ಸೋಮವಾರ ಅಟ್ಟದಿಂದ ಹಳೆಯ ಮಿಡಿ ಕಂಟ್ರೋಲರ್ ಇಳಿಸಿದೆ. ಎಂಟು ನಾಬಿನದು, ಕೀಬೋರ್ಡಿಗೆ ಜೋಡಿಸಿದರೆ ಅದರ ಅಂಶಗಳನ್ನು ಇಲ್ಲಿಂದಲೇ ತಿರುಗಿಸಬಹುದು. ಮೊದಲನೆಯದಕ್ಕೆ ಕಟ್‌ಆಫ್ ಕೊಟ್ಟೆ. ತಿರುಗಿಸಿದ ತಕ್ಷಣ ಕಿರ್ರ್ ಅಂತ ಕಿರುಚಿತು, ಮಗಳು ಕಿವಿ ಮುಚ್ಚಿಕೊಂಡು ಓಡಿದಳು. ಸೌಂಡಿನಲ್ಲಿ ಕಟ್‌ಆಫ್ 40ರಲ್ಲಿತ್ತು, ನಾಬ್ ಮಾತ್ರ ಮೇಲೆ 120ರ ಹತ್ತಿರ ನಿಂತಿತ್ತು, ಮುಟ್ಟಿದೊಡನೆ ಅಲ್ಲಿಗೆ ಹಾರಿತು. ಇದಕ್ಕೆ ಪಿಕಪ್ ಮೋಡ್ ಅಂತ ಇದೆ, ನಾಬ್ ತಿರುಗುತ್ತಾ ಆ 40ನ್ನು ದಾಟುವವರೆಗೂ ಏನೂ ಆಗಲ್ಲ, ದಾಟಿದ ಮೇಲೆ ಹಿಡಿದುಕೊಳ್ಳುತ್ತೆ. ಆ ಮೋಡ್ ಎಲ್ಲಿದೆ ಗೊತ್ತಾ? ಮೆನುವಿನ ಒಳಗೆ. ಕಾಲು ಗಂಟೆ ಹುಡುಕಿದೆ.

ಎಂಟೂ ನಾಬ್ ಒಂದೇ ಥರ, ಎಲ್ಲ ಕಪ್ಪು. ಸ್ಟೇಜಿನ ಬೆಳಕಿನಲ್ಲಿ ಗೊತ್ತಾಗಲಿ ಅಂತ ಹೆಂಡತಿಯ ನೇಲ್ ಪಾಲಿಶ್‌ನಿಂದ ಕಟ್‌ಆಫ್‌ಗೆ ಒಂದು ಕೆಂಪು ಬೊಟ್ಟು ಇಟ್ಟೆ. ಖುಷಿಗೆ ಮೇಷ್ಟ್ರಿಗೆ ಫೋನ್ ಮಾಡಿದೆ. "ಆ ಬೊಟ್ಟು ನೋಡೋಕೆ ಮತ್ತೆ ತಲೆ ಬಗ್ಗಿಸ್ತೀಯಲ್ಲೋ" ಅಂದು ಫೋನ್ ಇಟ್ಟುಬಿಟ್ಟರು.

ಉಳಿದ ಏಳು ನಾಬಿನ ಟೋಪಿಗಳನ್ನು ಕಿತ್ತು ಗುಂಡಿ ಡಬ್ಬಿಗೆ ಹಾಕಿದ್ದೇನೆ. ಈಗ ಕೈ ಸವರಿದರೆ ಸಿಗುವುದು ಒಂದೇ. ನಾಡಿದ್ದು ಶ್ರೀನಗರದಲ್ಲಿ ಪ್ರೋಗ್ರಾಂ ಇದೆ, ಮೇಷ್ಟ್ರು ಪಕ್ಕದಲ್ಲೇ ಕೂರುತ್ತಾರೆ.