ಬದನೆಕಾಯಿ ನಮ್ಮದು, ಕೇಳಿದ್ದು ಯಾರನ್ನು?

ದ್ವಿತೀಯ ಪಿಯುಸಿ ಜೀವಶಾಸ್ತ್ರದ ಪುಸ್ತಕದಲ್ಲಿ ಜೈವಿಕ ತಂತ್ರಜ್ಞಾನದ ಪಾಠ ಇದೆ. ಹುಳ ತಡೆಯಲು ಬ್ಯಾಕ್ಟೀರಿಯಾದ ಜೀನು ಹಾಕಿದ ಬಿಟಿ ಹತ್ತಿ, ಇನ್ಸುಲಿನ್, ಜೀನ್ ಚಿಕಿತ್ಸೆ, ಹಾಲಿನಲ್ಲಿ ಮನುಷ್ಯನ ಪ್ರೋಟೀನು ಕೊಟ್ಟ ರೋಸಿ ಅನ್ನೋ ಹಸು, ಎಲ್ಲ ಅದರಲ್ಲಿ ಬರುತ್ತದೆ. ಕೊನೆಯಲ್ಲಿ ನೈತಿಕ ಪ್ರಶ್ನೆಗಳ ಬಗ್ಗೆ ಒಂದು ಚಿಕ್ಕ ಭಾಗ. ಪರೀಕ್ಷೆಗೆ ಅದರ ತೂಕ ಕಡಿಮೆ. ಹಾಗಾಗಿ "ಅದನ್ನ ನೀವೇ ಓದ್ಕೊಳ್ಳಿ" ಅಂತ ಬಿಡುವುದು ಸುಲಭ.

ನಾನು ಬೈಲಹೊಂಗಲದಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತೇನೆ. ಸುತ್ತಮುತ್ತ ಹತ್ತಿ ಬೆಳೆಯುವ ಎರೆಭೂಮಿ. ನನ್ನ ಕ್ಲಾಸಿನ ಎಷ್ಟೋ ಮಕ್ಕಳು ಬಿಟಿ ಬೀಜದ ಖಾಲಿ ಪಾಕೀಟು ನೋಡುತ್ತಲೇ ಬೆಳೆದವರು. ಅಂಥ ಊರಲ್ಲಿ ಈ ಭಾಗವನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸು ಬರಲಿಲ್ಲ. ಅದಕ್ಕೆ ಮನೆಗೆಲಸ ಕೊಟ್ಟೆ. "ಪುಸ್ತಕ ನೋಡಿ ಬರೀಬೇಡಿ. ಮನೆಯಲ್ಲಿ ಹಿರಿಯರನ್ನು ಕೇಳಿ. ಒಂದು ಜೀವದ ಗುಣ ತಂದು ಇನ್ನೊಂದು ಜೀವಕ್ಕೆ ಹಾಕೋದು ಸರಿಯಾ, ತಪ್ಪಾ? ಅವರು ಹೇಳಿದ್ದನ್ನ ಅವರ ಮಾತಿನಲ್ಲೇ ಬರ್ಕೊಂಡು ಬನ್ನಿ."

ಮಕ್ಕಳು ಬರೆದು ತಂದ ದಿನ ಸೋಮವಾರ. ಹತ್ತಿ ಬಿಡಿಸುವ ಕಾಲ. ಹಿಂದಿನ ಬೆಂಚುಗಳಲ್ಲಿ ಕೆಲವರು ಇರಲಿಲ್ಲ. ಆವತ್ತು ಪ್ರಾಕ್ಟಿಕಲ್ ಅವಧಿಯನ್ನೂ ಇದಕ್ಕೇ ಇಟ್ಟೆ.

ಮೊದಲು ಬಂದದ್ದು ಬಿಟಿ ಬೆಳೆಯ ಬಗ್ಗೆ ಭಯದ ಮಾತು. "ತಿಂದ್ರ ಮಕ್ಕಳಾಗಂಗಿಲ್ಲಂತ ನಮ್ಮ ಕಾಕಾ ಅಂದಾನ್ರಿ ಮೇಡಮ್." ಇನ್ನೊಬ್ಬ, "ಕ್ಯಾನ್ಸರ್ ಬರ್ತೈತಂತ." ಇವಕ್ಕೆ ಆಧಾರ ಇಲ್ಲ ಅಂತ ನೇರವಾಗಿಯೇ ಹೇಳಿದೆ. ಬಿಟಿ ಅನ್ನುವುದು ಮಣ್ಣಲ್ಲಿರುವ ಒಂದು ಬ್ಯಾಕ್ಟೀರಿಯಾದ ಹೆಸರು, ಬ್ಯಾಸಿಲಸ್ ತುರಿಂಜಿಯೆನ್ಸಿಸ್. ಅದು ಒಂದು ಪ್ರೋಟೀನು ಮಾಡುತ್ತದೆ. ಆ ಪ್ರೋಟೀನಿನ ಜೀನನ್ನೇ ಹತ್ತಿಗೆ ಹಾಕಿದ್ದಾರೆ. ಕಾಯಿಕೊರಕ ಹುಳದ ಹೊಟ್ಟೆಯಲ್ಲಿ ಕ್ಷಾರದ ಗುಣ ಇರುತ್ತದೆ. ಅಲ್ಲಿ ಆ ಪ್ರೋಟೀನು ಎಚ್ಚೆತ್ತು ಕರುಳಿಗೆ ತೂತು ಹಾಕುತ್ತದೆ. ನಮ್ಮ ಹೊಟ್ಟೆಯಲ್ಲಿ ಇರುವುದು ಆಮ್ಲ. ಅದು ಅಂಟಿಕೊಳ್ಳುವ ಜಾಗವೂ ನಮ್ಮ ಕರುಳಲ್ಲಿ ಇಲ್ಲ. ಇಷ್ಟು ಹೇಳುವಾಗಲೇ ಒಬ್ಬ ಹುಡುಗ ಎದ್ದು ನಿಂತ. "ನಾವು ಎಮ್ಮಿಗೆ ಹತ್ತಿಕಾಳ ಹಾಕ್ತೇವ್ರಿ. ಅಂಗಡ್ಯಾಗ ಹತ್ತಿಕಾಳಿನ ಎಣ್ಣಿನೂ ಮಾರ್ತಾರ. ಹಂಗಾದ್ರ ಅದು ನಮ್ಮ ಹೊಟ್ಟಿಗೆ ಆಗಲೇ ಬಂದೈತಲ್ರಿ?"

ಹೌದು, ಬಂದಿದೆ. ದೇಶದ ಹತ್ತಿ ಹೊಲದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಬಿಟಿ. ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ, ಈ ಮಕ್ಕಳು ಹುಟ್ಟುವ ಮೊದಲು. ಶುದ್ಧ ಮಾಡಿದ ಎಣ್ಣೆಯಲ್ಲಿ ಪ್ರೋಟೀನು ಉಳಿಯುವುದೇ ಇಲ್ಲ ಅನ್ನುವಷ್ಟು ಕಡಿಮೆ ಅಂತ ಹೇಳಿದೆ. ಅದು ನಿಜ. ಆದರೆ ಅವನ ಮುಖ ಸಡಿಲ ಆಗಲಿಲ್ಲ. "ಹೇಳಬೇಕಿತ್ತಲ್ರಿ ಯಾರರ," ಅಂದ. ಅವನಿಗೆ ಹೆದರಿಕೆ ಆಗಿರಲಿಲ್ಲ, ಬೇಜಾರಾಗಿತ್ತು. ಇವೆರಡೂ ಬೇರೆ ಬೇರೆ. ಜನ ಯಾಕೆ ವಿರೋಧ ಮಾಡುತ್ತಾರೆ ಅಂದರೆ ತಿಳಿವಳಿಕೆ ಇಲ್ಲ, ಅದಕ್ಕೇ ಅಂತ ಹೇಳುವವರನ್ನು ನಾನು ಬಹಳ ಕೇಳಿದ್ದೇನೆ. ಆ ಮಾತು ನನಗೆ ಒಪ್ಪಿಗೆ ಇಲ್ಲ. ಆ ಹುಡುಗನಿಗೆ ವಿಜ್ಞಾನ ಚೆನ್ನಾಗಿಯೇ ಅರ್ಥ ಆಗಿತ್ತು.

ಒಬ್ಬಳ ಅಜ್ಜಿ ಅಥಣಿ ಕಡೆಯವರು, ಜೈನ ಒಕ್ಕಲುತನದ ಮನೆತನ. ಅಜ್ಜಿಯ ಮಾತನ್ನು ಮೊಮ್ಮಗಳು ಬರೆದು ತಂದದ್ದನ್ನು ನಾನು ಎರಡು ಸಲ ಓದಿಸಿದೆ. ಎಣ್ಣಿ ಅಂದರೆ ಇಲ್ಲಿ ಕೀಟನಾಶಕ. "ಎಣ್ಣಿ ಹೊಡದರ ಹುಳಾ ಸಾಯ್ತಾವ. ಆ ಪಾಪ ನಂದು ಅಂತ ನನಗ ಗೊತ್ತಿರ್ತೈತಿ. ಗಿಡಾನೇ ಹುಳಾ ಕೊಂದ್ರ ಆ ಪಾಪ ಯಾರದು? ಬೀಜ ಮಾಡಿದವಂದೋ, ಬಿತ್ತಿದ ನಂದೋ?" ಯಾರೂ ಉತ್ತರ ಹೇಳಲಿಲ್ಲ, ನಾನೂ ಹೇಳಲಿಲ್ಲ. ಇದು ಪ್ರಯೋಗಾಲಯದಲ್ಲಿ ತೀರುವ ಪ್ರಶ್ನೆ ಅಲ್ಲ. ಆದರೆ ಅಡ್ಡ ಪ್ರಶ್ನೆಯೂ ಅಲ್ಲ. ಮಾಡಿದ ಕೆಲಸಕ್ಕೆ ಹೊಣೆ ಯಾರು ಅನ್ನುವುದನ್ನೇ ಆ ತಾಯಿ ಕೇಳಿದ್ದು.

ಇನ್ನೊಬ್ಬನ ಅಪ್ಪನಿಗೆ ಸಕ್ಕರೆ ಕಾಯಿಲೆ. ದಿನಾ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಮನುಷ್ಯನ ಜೀನನ್ನು ಬ್ಯಾಕ್ಟೀರಿಯಾಕ್ಕೋ ಯೀಸ್ಟಿಗೋ ಹಾಕಿ ಇದನ್ನು ಮಾಡುತ್ತಾರೆ, ಇಂಥ ಇನ್ಸುಲಿನ್ನಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1982ರಲ್ಲಿ ಅಂತ ಪಾಠದಲ್ಲಿ ಹೇಳಿದ್ದೆ. ಮಗ ಅದನ್ನು ಅಪ್ಪನ ಮುಂದೆ ಇಟ್ಟಿದ್ದಾನೆ. "ಇದೂ ಅದೇ ವಿದ್ಯಾ ಐತಿ. ಇದು ಬೇಕು, ಬಿಟಿ ಬ್ಯಾಡ ಅಂದ್ರ ಹೆಂಗ?" ಅಂತ. ಅಪ್ಪ ಹೇಳಿದ ಮಾತು ಹೀಗಿತ್ತು: "ಸೂಜಿ ನನಗ ಬೇಕಾಗಿತ್ತು, ತಗೊಂಡೆ. ಡಾಕ್ಟರು ಯಾಕ ಅಂತ ಹೇಳಿದ್ರು. ಬ್ಯಾಡಂದ್ರ ಬಿಡಬಹುದು. ಹತ್ತಿ ಬೀಜ ಅಂಗಡ್ಯಾಗ ಬ್ಯಾರೆ ಇರಲಿಲ್ಲ, ಅದಕ್ಕ ತಗೊಂಡೆ."

ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಔಷಧಕ್ಕೆ ಸೈ ಅನ್ನುವ ಜನ ಊಟಕ್ಕೆ ಯಾಕೆ ಬೇಡ ಅನ್ನುತ್ತಾರೆ ಅಂತ ದೊಡ್ಡ ದೊಡ್ಡ ಸಭೆಗಳಲ್ಲಿ ತಲೆ ಕೆಡಿಸಿಕೊಳ್ಳುತ್ತಾರೆ. ಬೇಕು ಅಂತ ಕೇಳಿ ತಗೊಂಡದ್ದು ಒಂದು, ಬೇರೆ ದಾರಿ ಇಲ್ಲದೆ ತಗೊಂಡದ್ದು ಇನ್ನೊಂದು. ಬಿಟಿ ಹತ್ತಿ ನಮ್ಮಲ್ಲಿ ಹೈಬ್ರಿಡ್ ಆಗಿಯೇ ಬಂತು. ಹೈಬ್ರಿಡ್ ಬೀಜ ಮನೆಯಲ್ಲಿ ಹಿಡಿದಿಟ್ಟು ಮರುವರ್ಷ ಬಿತ್ತಿದರೆ ಅದೇ ಬೆಳೆ ಬರುವುದಿಲ್ಲ. ಒಬ್ಬ ಹುಡುಗನ ಅಜ್ಜ ಜಯಧರ ಹತ್ತಿ ನೆನಪು ಮಾಡಿಕೊಂಡಿದ್ದರು. ಅದು ನಮ್ಮ ದೇಸಿ ತಳಿ, ಮಳೆ ಕಡಿಮೆ ಆದರೂ ತಡೆಯುತ್ತದೆ, ಬೀಜ ಮನೆಯದೇ. ಇಳುವರಿ ಮತ್ತು ಎಳೆಯ ಉದ್ದ ಕಡಿಮೆ ಅಂತಲೂ ಅವರೇ ಹೇಳಿದ್ದರು. ಹಳೆಯದೆಲ್ಲ ಚಿನ್ನ ಅಂತ ಆ ಅಜ್ಜ ಹೇಳಲಿಲ್ಲ. ಆರಿಸಿಕೊಳ್ಳಲು ಎರಡಾದರೂ ಇರಬೇಕು ಅಂದರು, ಅಷ್ಟೇ.

ಬೀಜದ ಪಾಕೀಟಿನ ಜೊತೆ ಬರುತ್ತಿದ್ದ ಚಿಕ್ಕ ಪಾಕೀಟಿನ ವಿಷಯ ಬಂತು. ಬಿಟಿ ಇಲ್ಲದ ಹತ್ತಿ ಬೀಜ ಅದು. ಹೊಲದ ಸುತ್ತ ಬಿತ್ತಬೇಕು. ಅಲ್ಲಿ ಸಾಮಾನ್ಯ ಹುಳಗಳು ಬದುಕಿ, ವಿಷ ತಡೆದುಕೊಂಡ ಹುಳಗಳ ಜೊತೆ ಕೂಡಿದರೆ ನಿರೋಧ ಬೇಗ ಹಬ್ಬುವುದಿಲ್ಲ. "ಅದನ್ನ ನಮ್ಮಪ್ಪ ಒಗದಬಿಡ್ತಿದ್ದ," ಅಂದರು ಮಕ್ಕಳು. ಯಾಕೆ ಬಿತ್ತಬೇಕು ಅಂತ ಯಾರೂ ಬಿಡಿಸಿ ಹೇಳಿರಲಿಲ್ಲ. ಇವತ್ತು ಗುಲಾಬಿ ಕಾಯಿಕೊರಕ ಬಿಟಿಗೆ ಜಗ್ಗುವುದಿಲ್ಲ. ಅದಕ್ಕೆ ಬೇರೆ ಕಾರಣಗಳೂ ಇವೆ. ಆದರೆ ರೈತ ಮಾತು ಕೇಳಲಿಲ್ಲ ಅಂತ ದೂರುವ ಮೊದಲು, ರೈತನಿಗೆ ಅರ್ಥ ಆಗುವ ಹಾಗೆ ಯಾರು ಹೇಳಿದ್ದರು ಅಂತಲೂ ಕೇಳಬೇಕಲ್ವಾ?

ಆಮೇಲೆ ಜಗಳ ಶುರುವಾಯಿತು. ಜಗಳ ಅಂದರೆ ಒಳ್ಳೆಯ ಜಗಳವೇ. ಕಳೆನಾಶಕ ಹೊಡೆದರೂ ಸಾಯದ ಹತ್ತಿ ಇದೆ. ಸರಕಾರ ಅದಕ್ಕೆ ಒಪ್ಪಿಗೆ ಕೊಟ್ಟಿಲ್ಲ, ಆದರೂ ಕಳ್ಳದಾರಿಯಲ್ಲಿ ಅದರ ಬೀಜ ಓಡಾಡುತ್ತದೆ. ಹತ್ತಾರು ಎಕರೆ ಹೊಲ ಇರುವ ಮನೆಯ ಹುಡುಗ ಹೇಳಿದ: "ಅದು ಬೇಕೇಬೇಕ್ರಿ. ಕಸಾ ತೆಗ್ಯಾಕ ಹೆಣ್ಣಾಳ ಸಿಗೂದಿಲ್ಲ. ಸಿಕ್ಕರೂ ಪಗಾರ ಕೊಟ್ಟು ನಮಗೇನೂ ಉಳ್ಯಂಗಿಲ್ಲ."

ಮೂರನೇ ಬೆಂಚಿನ ಹುಡುಗಿ ಕೂತಲ್ಲಿಂದಲೇ ಹೇಳಿದಳು: "ಆ ಹೆಣ್ಣಾಳ ನಮ್ಮವ್ವರೀ."

ನಾನು ಮಧ್ಯೆ ಬಾಯಿ ಹಾಕಲಿಲ್ಲ. ಆಕೆ ಎದ್ದು ತನ್ನ ಹಾಳೆ ಓದಿದಳು. "ನಾನ ಕೇಳಿದೆ. ಅಂಥಾ ಬೀಜ ಬಂದ್ರ ನಿನಗ ದಿನಾ ಬಗ್ಗೂದು ತಪ್ತೈತಿ ಅಲ್ಲ? ಅವ್ವ ಅಂದ್ಲು, ಸೊಂಟಾ ನೋಯ್ತೈತಿ ಖರೆ. ಆ ಪಗಾರದಾಗ ನಿನ್ನ ಫೀ ಕಟ್ಟೇನಿ. ಬೀಜ ತರಾವ್ರು ನಮ್ಮನ್ನ ಏನ್ ಮಾಡ್ತಾರಂತ?"

ಹುಡುಗ ಸಿಟ್ಟಾಗಲಿಲ್ಲ. "ನಮ್ಮಪ್ಪಂದೂ ಸಾಲ ಐತಿ" ಅಂದ. ಇಬ್ಬರ ಮಾತೂ ಸತ್ಯ. ಈ ವಿಷಯದಲ್ಲಿ ರೈತರೆಲ್ಲ ಒಂದೇ ಕಡೆ ನಿಂತಿದ್ದು ಯಾವತ್ತೂ ಇಲ್ಲ. 1998ರಲ್ಲಿ ಪ್ರೊಫೆಸರ್ ನಂಜುಂಡಸ್ವಾಮಿಯವರ ರೈತ ಸಂಘ ರಾಯಚೂರು ಕಡೆ ಬಿಟಿ ಹತ್ತಿಯ ಪ್ರಯೋಗದ ಬೆಳೆಗೆ ಬೆಂಕಿ ಹಚ್ಚಿತು. 2019ರಲ್ಲಿ ಮಹಾರಾಷ್ಟ್ರದ ಅಕೋಲಾ ಜಿಲ್ಲೆಯಲ್ಲಿ ಶೇತಕರಿ ಸಂಘಟನೆ ಅನ್ನುವ ರೈತ ಸಂಘದವರು ಒಪ್ಪಿಗೆ ಇಲ್ಲದ ಬೀಜವನ್ನೇ ಎಲ್ಲರ ಎದುರು ಬಿತ್ತಿ, ಬೇಕಾದರೆ ಕೇಸು ಹಾಕಿ ಅಂದರು. ನಮ್ಮ ಬೆಳಗಾವಿ ಎರಡೂ ರಾಜ್ಯಗಳ ಗಡಿಯಲ್ಲಿದೆ. ಎರಡೂ ಗಾಳಿ ಇಲ್ಲಿ ಬೀಸುತ್ತವೆ. ಆದರೆ ಆ ಎರಡೂ ಕಡೆ ಹೆಣ್ಣಾಳಿನ ಮಾತು ಎಷ್ಟು ಕೇಳಿಸಿತು? ನನಗೆ ಆ ದಿನ ಜಾಸ್ತಿ ಚುಚ್ಚಿದ್ದು ಇದೇ.

ಕೊನೆಗೆ ಬದನೆಕಾಯಿ. ಇದನ್ನು ನಾನೇ ಎತ್ತಿಕೊಂಡೆ, ಯಾಕೆಂದರೆ ಇದು ನಮ್ಮ ನೆಲದ ಕತೆ ಅಂತ ಮಕ್ಕಳಿಗೆ ಗೊತ್ತಿರಲಿಲ್ಲ. 2009ರ ಅಕ್ಟೋಬರ್‌ನಲ್ಲಿ ಕೇಂದ್ರದ ಸಮಿತಿ ಬಿಟಿ ಬದನೆಗೆ ಒಪ್ಪಿಗೆ ಕೊಟ್ಟಿತು. ಆಗ ಪರಿಸರ ಸಚಿವರಾಗಿದ್ದವರು ಜೈರಾಂ ರಮೇಶ್. ಅವರು ಸಹಿ ಹಾಕುವ ಮೊದಲು ಏಳು ಊರುಗಳಲ್ಲಿ ಬಹಿರಂಗ ಸಭೆ ಕರೆದು ಜನರ ಮಾತು ಕೇಳಿದರು. ಕೊನೆಯ ಸಭೆ ಬೆಂಗಳೂರಲ್ಲಿ, 2010ರ ಫೆಬ್ರುವರಿ 6ಕ್ಕೆ. 9ನೇ ತಾರೀಕು ಬಿಟಿ ಬದನೆಗೆ ತಡೆ ಬಂತು. ಆ ಸಭೆಗಳಲ್ಲಿ ಕೂಗಾಟ ಆಯಿತು, ಗದ್ದಲ ಆಯಿತು. ಆದರೂ ಒಂದು ತರಕಾರಿ ಬೇಕಾ ಬೇಡವಾ ಅಂತ ಮಂತ್ರಿಯೇ ಎದುರು ಕೂತು ಜನರನ್ನು ಕೇಳಿದ್ದು ದೊಡ್ಡ ಸಂಗತಿ ಅಂತ ನಾನು ಇವತ್ತಿಗೂ ನಂಬಿದ್ದೇನೆ.

ಆ ಜೀನನ್ನು ಯಾವ ಬದನೆಗಳಿಗೆ ಹಾಕಿದ್ದರು? ಬೋರ್ಡಿನ ಮೇಲೆ ಬರೆದೆ. ಉಡುಪಿ ಗುಳ್ಳ, ಮಂಜರಿ ಗೋಟ, ಮಲಾಪುರ ಲೋಕಲ್, ರಬಕವಿ ಲೋಕಲ್, ಕುಡಚಿ ಲೋಕಲ್. ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಆ ಯೋಜನೆಯಲ್ಲಿ ಇತ್ತು. ಕ್ಲಾಸಿನಲ್ಲಿ ಸದ್ದೇ ಸದ್ದು. "ಕುಡಚಿ ಅಂದ್ರ ನಮ್ಮ ರಾಯಬಾಗ ತಾಲೂಕಿಂದರೀ?" "ರಬಕವಿ ನಮ್ಮ ಸ್ವಾದರಮಾವನ ಊರ್ರಿ!" ರೊಟ್ಟಿ ಜೊತೆ ಎಣ್ಣೆಗಾಯಿ ಇಲ್ಲದ ಮದುವೆ ಊಟ ಈ ಕಡೆ ಇಲ್ಲ. ಆ ಬದನೆಯನ್ನು ತಲೆಮಾರುಗಳಿಂದ ಆರಿಸಿ, ಬೀಜ ಹಿಡಿದು ಉಳಿಸಿದವರು ಆ ಊರುಗಳ ರೈತರು, ಅದರಲ್ಲೂ ಹೆಣ್ಣುಮಕ್ಕಳು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಕೇಳಬೇಕಾದವರನ್ನು ಕೇಳದೆ ಈ ತಳಿಗಳನ್ನು ಬಳಸಿದರು ಅಂತ ದೂರು ಬಂತು. ಅದು ಕೋರ್ಟಿನವರೆಗೂ ಹೋಯಿತು. ಪ್ರಯೋಗ ಮಾಡಿದ ವಿಜ್ಞಾನಿಗಳ ಉದ್ದೇಶದ ಬಗ್ಗೆ ನನಗೆ ಸಂಶಯ ಇಲ್ಲ. ಹುಳದ ಕಾಟ ತಪ್ಪಿಸಬೇಕು ಅಂತಲೇ ಅವರು ಹೊರಟದ್ದು. ಆದರೆ ಕೇಳುವುದು ಬರೀ ಮರ್ಯಾದೆಯ ಮಾತಲ್ಲ. ಅದು ಅರ್ಧ ಕೆಲಸ.

ಇಷ್ಟಕ್ಕೇ ಬಿಟ್ಟಿದ್ದರೆ ಬಿಟಿ ಬದನೆ ಕೆಟ್ಟದ್ದು ಅಂತ ಮಕ್ಕಳು ಮನೆಗೆ ಹೋಗುತ್ತಿದ್ದರು. ಅಷ್ಟರಲ್ಲಿ ತರಕಾರಿ ಬೆಳೆದು ಬೆಳಗಾವಿ ಮಾರ್ಕೆಟ್ಟಿಗೆ ಕಳಿಸುವ ಮನೆಯ ಹುಡುಗಿ ಕೈ ಎತ್ತಿದಳು. "ಬದನಿಗೆ ಎಷ್ಟ ಎಣ್ಣಿ ಹೊಡೀತಾರ ಗೊತ್ತೇನ್ರಿ? ನಮ್ಮಪ್ಪ ಮನಿಗೆ ಅಂತ ಒಂದ ಸಾಲ ಬ್ಯಾರೆ ಇಟ್ಟಾನ. ಅದಕ್ಕ ಹೊಡ್ಯಂಗಿಲ್ಲ." ಬದನೆಯ ಕುಡಿ, ಕಾಯಿ ಕೊರೆಯುವ ಹುಳ ಕಾಯಿಯ ಒಳಗೇ ಕೂತಿರುತ್ತದೆ. ಹಾಗಾಗಿ ಮತ್ತೆ ಮತ್ತೆ ಹೊಡೆಯುತ್ತಾರೆ. ಬಾಂಗ್ಲಾದೇಶದ ರೈತರು 2014ರಿಂದ ಬಿಟಿ ಬದನೆ ಬೆಳೆಯುತ್ತಿದ್ದಾರೆ, ಆ ಹುಳಕ್ಕೆ ಹೊಡೆಯುವ ವಿಷ ಅಲ್ಲಿ ಕಡಿಮೆ ಆಗಿದೆ. ಬಿಟಿ ಬೇಡ ಅನ್ನುವ ನಾವು, ಮಾರುವ ಸಾಲು ಬೇರೆ ತಿನ್ನುವ ಸಾಲು ಬೇರೆ ಆಗಿರುವುದಕ್ಕೆ ಏನು ಹೇಳುತ್ತೇವೆ? ಜೀನಿನ ವಿಷಯದಲ್ಲಿ ಮಾತ್ರ ನೀತಿ ನೆನಪಾಗಿ ವಿಷದ ವಿಷಯದಲ್ಲಿ ಮರೆತರೆ ಅದು ನ್ಯಾಯ ಅಲ್ಲ ಅಂತ ಕ್ಲಾಸಿಗೆ ಗಟ್ಟಿಯಾಗಿಯೇ ಹೇಳಿದೆ.

ಹೊಸ ಸಂಗತಿಗಳನ್ನು ಬೇಗ ಹೇಳಿ ಮುಗಿಸಿದೆ. ಕುಲಾಂತರಿ ಸಾಸಿವೆಯ, ಅಂದರೆ ಬೇರೆ ಜೀವದ ಜೀನು ಹಾಕಿದ ಸಾಸಿವೆಯ ಕೇಸಿನಲ್ಲಿ 2024ರ ಜುಲೈ 23ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ತೀರ್ಪು ಬೇರೆ ಬೇರೆಯಾಯಿತು. ನಮ್ಮ ಕರ್ನಾಟಕದ ಬಿ.ವಿ. ನಾಗರತ್ನ ಅವರು ಅದಕ್ಕೆ ಸರಕಾರ ಕೊಟ್ಟ ಒಪ್ಪಿಗೆ ಸರಿಯಿಲ್ಲ ಅಂದರು, ಸಂಜಯ್ ಕರೋಲ್ ಅವರು ಸರಿ ಅಂದರು. ಎಲ್ಲರ ಜೊತೆ ಮಾತಾಡಿ ರಾಷ್ಟ್ರೀಯ ನೀತಿ ಮಾಡಿ ಅನ್ನುವುದರಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು. ಜೀನ್ ತಿದ್ದಿದ ಎರಡು ಭತ್ತದ ತಳಿಗಳನ್ನು 2025ರ ಮೇ ತಿಂಗಳಲ್ಲಿ ಕೇಂದ್ರ ಕೃಷಿ ಸಚಿವರು ಘೋಷಿಸಿದರು. ಅದರಲ್ಲಿ ಕಮಲಾ ಅನ್ನುವುದು ಸಾಂಬಾ ಮಸೂರಿಯಿಂದ ಬಂದದ್ದು. ಬೇರೆ ಜೀವದ ಜೀನು ಅದರಲ್ಲಿ ಇಲ್ಲ. ಇಂಥ ಬೆಳೆಗಳಿಗೆ 2022ರಲ್ಲೇ ಕುಲಾಂತರಿ ಬೆಳೆಯ ಬಿಗಿ ನಿಯಮಗಳಿಂದ ವಿನಾಯಿತಿ ಸಿಕ್ಕಿದೆ.

"ಎಲ್ಲಾರ ಜೊತಿ ಮಾತಾಡಿ ಅಂದ್ರ ಯಾರ್ ಜೊತಿರೀ?" ಅಂತ ಮೂರನೇ ಬೆಂಚಿನ ಅದೇ ಹುಡುಗಿ ಕೇಳಿದಳು.

ಮುಂದಿನ ವಾರ ಧಾರವಾಡದಿಂದ ಕೃಷಿ ವಿಜ್ಞಾನಿಯೊಬ್ಬರನ್ನು ಕರೆಸುತ್ತಿದ್ದೇವೆ. ಮಕ್ಕಳ ಹಾಳೆಗಳನ್ನು ಅವರಿಗೆ ಮೊದಲೇ ಕಳಿಸಿದ್ದೇನೆ. ಉತ್ತರ ತಯಾರಿ ಮಾಡಿಕೊಂಡು ಬರಲಿ ಅಂತ. ಮನೆಯವರನ್ನೂ ಕರೆದಿದ್ದೇವೆ. ಮಧ್ಯಾಹ್ನ ಇಟ್ಟರೆ ಅವ್ವನ ಆ ದಿನದ ಪಗಾರ ಹೋಗುತ್ತದೆ ಅಂತ ಆ ಹುಡುಗಿ ಹೇಳಿದ್ದಕ್ಕೆ ಸಭೆಯನ್ನು ಸಂಜೆ ಏಳಕ್ಕೆ ಮಾಡಿದ್ದೇವೆ. ಮೊದಲ ಪ್ರಶ್ನೆ ಅವಳ ಅವ್ವನದು.