ಹೆಸರು ತೂಕಕ್ಕೆ ಬರುವುದಿಲ್ಲ

‘ಹೆಸರು ಬೇಡ ಅಂದ್ರೆ ಹೇಳಿ ಅಕ್ಕಾ, ಉಜ್ಜಿಸಿ ಕೊಡ್ತೀನಿ. ಹೆಸರೇನೂ ತೂಕಕ್ಕೆ ಬರಲ್ಲ.’

ಕಳೆದ ಭಾನುವಾರ ಬೆಳಿಗ್ಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಬದಿಯಲ್ಲಿ ಹಳೆಯ ಪಾತ್ರೆಗಳನ್ನು ಹರಡಿಕೊಂಡು ಕುಳಿತಿದ್ದ ವ್ಯಾಪಾರಿಯೊಬ್ಬರು ಹಿತ್ತಾಳೆಯ ಹರಿವಾಣವೊಂದನ್ನು ತಕ್ಕಡಿಯ ಮೇಲಿಡುತ್ತ ಹೇಳಿದ ಮಾತಿದು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಗಿರಾಕಿಗೆ ಅನುಕೂಲವಾಗಲಿ ಎಂಬುದಷ್ಟೇ ಅವರ ಉದ್ದೇಶವಾಗಿತ್ತು. ಆದರೂ ಸೋಮವಾರ ಕಚೇರಿಯಲ್ಲಿ ಕುಳಿತಿದ್ದಾಗ, ಆಮೇಲೊಂದು ರಾತ್ರಿ ಅದೇ ಹರಿವಾಣಕ್ಕೆ ಹುಣಸೆಹಣ್ಣು ಮತ್ತು ಉಪ್ಪು ಹಚ್ಚಿ ಕಿಲುಬು ಬಿಡಿಸುತ್ತಿದ್ದಾಗ, ಆ ಮಾತು ಮತ್ತೆ ಮತ್ತೆ ಕಿವಿಗೆ ಬಂತು.

ಚಿಕ್ಕಪೇಟೆಯ ಸಂಡೇ ಬಜಾರ್ ಬೆಂಗಳೂರಿನವರಿಗೆ ಹೊಸದಲ್ಲ. ವಾರವಿಡೀ ವ್ಯಾಪಾರದ ಗದ್ದಲದಲ್ಲಿರುವ ರಸ್ತೆಗಳಲ್ಲಿ ಭಾನುವಾರ ಅಂಗಡಿಗಳ ಬಾಗಿಲು ಮುಚ್ಚುತ್ತದೆ. ಆ ಮುಚ್ಚಿದ ಬಾಗಿಲುಗಳ ಮುಂದೆಯೇ ಹಳೆಯ ಬೂಟು, ಕೈಗಡಿಯಾರ, ಸ್ಪ್ಯಾನರು, ನಾಣ್ಯ, ಕೆಟ್ಟುನಿಂತ ರೇಡಿಯೊಗಳ ಮತ್ತೊಂದು ಪೇಟೆ ತೆರೆದುಕೊಳ್ಳುತ್ತದೆ. ಕೆಂಪೇಗೌಡರು 1537ರಲ್ಲಿ ಊರು ಕಟ್ಟಿಸಿದಾಗಿನಿಂದ ಕೊಡುಕೊಳ್ಳುವಿಕೆ ನಿಲ್ಲದ ಈ ಜಾಗಕ್ಕೆ ನಾವು ನಾಲ್ವರು ಗೆಳತಿಯರು ವಾರಾಂತ್ಯದಲ್ಲಿ ಹೋಗುವುದು ರೂಢಿಯಾಗಿದೆ. ಚಿಕ್ಕಪೇಟೆಗೆ 2017ರಲ್ಲಿ ಮೆಟ್ರೊ ಬಂದ ಮೇಲೆ ಗಾಡಿ ಎಲ್ಲಿ ನಿಲ್ಲಿಸುವುದೆಂಬ ಚಿಂತೆಯೂ ತಪ್ಪಿತು. ಮೆಟ್ರೊದಲ್ಲಿ ತರಲು ಆಗುವಷ್ಟನ್ನೇ ಕೊಳ್ಳಬೇಕೆಂದು ನಾವು ಮಾಡಿಕೊಂಡಿರುವ ನಿಯಮದಿಂದ ದುಡ್ಡೂ ಉಳಿಯುತ್ತದೆ, ಮನೆಯೂ ಗೋದಾಮಾಗದೆ ಉಳಿಯುತ್ತದೆ.

ನಮ್ಮಲ್ಲಿ ಯಾರಿಗೂ ಸ್ವಂತ ಮನೆಯಿಲ್ಲ. ಬಾಡಿಗೆ ಮನೆಯ ಅಲಂಕಾರಕ್ಕೆ ಅದರದ್ದೇ ಆದ ಕಟ್ಟುಪಾಡುಗಳಿವೆ: ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಬಣ್ಣ ಬದಲಿಸುವಂತಿಲ್ಲ, ಖಾಲಿ ಮಾಡುವ ದಿನ ಮುಂಗಡದ ಹಣದಲ್ಲಿ ಎಷ್ಟು ಹಿಡಿದುಕೊಳ್ಳುತ್ತಾರೋ ಎಂಬ ಲೆಕ್ಕವನ್ನು ಇಡೀ ವಾಸದುದ್ದಕ್ಕೂ ಮನಸ್ಸಿನಲ್ಲಿಟ್ಟುಕೊಂಡೇ ಇರಬೇಕು. ಹಾಗಾಗಿ ನಮ್ಮ ಮನೆಗಳಲ್ಲಿ ಎಲ್ಲವೂ ಒರಗಿಸಿಟ್ಟದ್ದು, ಹಾಸಿದ್ದು ಅಥವಾ ಹೊದಿಸಿದ್ದು. ಉಪ್ಪಿನಕಾಯಿಯ ಭರಣಿ ಹೂದಾನಿಯಾಗಿದೆ. ಕಾಫಿ ಬೀಜದ ಗೋಣಿಚೀಲ ದಿಂಬಿನ ಹೊದಿಕೆಯಾಗಿದೆ. ಅಜ್ಜಿಯ ಸೀರೆ ಕಿಟಕಿಯ ಪರದೆಯಾಗಿದೆ. ಧಾರವಾಡದ ಗೆಳತಿ ತಂದಿಟ್ಟ ಕೌದಿಯೊಂದು ಎಲ್ಲಕ್ಕಿಂತ ಚೆಂದ; ಮೂರು ತಲೆಮಾರಿನ ಸೀರೆ, ಕುಪ್ಪಸ, ಲುಂಗಿಗಳ ತುಂಡುಗಳನ್ನು ಅವಳ ದೊಡ್ಡಮ್ಮ ಒಂದೊಂದೇ ಜೋಡಿಸಿ ಹೊಲಿದದ್ದು. ಬರೀ ದುಡ್ಡು ಸುರಿದು ಸಿಂಗರಿಸಿದ ಮನೆಗಳನ್ನು ನಾನು ನೋಡಿದ್ದೇನೆ. ಅಲ್ಲಿನ ಕುರ್ಚಿಯ ಮೇಲೆ ಕುಳಿತುಕೊಳ್ಳುವುದಕ್ಕೂ ಸಂಕೋಚವಾಗುತ್ತದೆ. ಕೌದಿಯ ಮೇಲೆ ಯಾರೂ ಸಂಕೋಚಪಟ್ಟದ್ದನ್ನು ನಾನು ಕಂಡಿಲ್ಲ.

ಭಾನುವಾರ ನಾನು ಹುಡುಕುತ್ತಿದ್ದದ್ದು ಒಂದು ಅಗಲವಾದ ತಟ್ಟೆಯನ್ನು. ಮನೆಯಲ್ಲಿರುವ ಹಳೆಯ ಮರದ ಸ್ಟೂಲಿನ ಮೇಲೆ ಅದನ್ನಿಟ್ಟರೆ ಕಾಫಿ ಕುಡಿಯಲು ಒಂದು ಪುಟ್ಟ ಮೇಜಾಗುತ್ತದೆ ಎಂಬುದು ಒಳಾಂಗಣ ವಿನ್ಯಾಸದ ಕೆಲಸ ಮಾಡುವ ಗೆಳತಿಯ ಸಲಹೆಯಾಗಿತ್ತು. ಶಾಲೆಯಲ್ಲಿ ಪಾಠ ಹೇಳುವ ಗೆಳತಿ ಅಷ್ಟರಲ್ಲಿ ಒಂದು ಪಾವನ್ನು ಕೊಂಡು ಚೀಲಕ್ಕೆ ಹಾಕಿಕೊಂಡಿದ್ದಳು. ಲೀಟರು ಮಾತ್ರ ತಿಳಿದಿರುವ ಮಕ್ಕಳಿಗೆ ಅಕ್ಕಿ ಅಳೆದು ತೋರಿಸುತ್ತಾಳಂತೆ. ಹರಿವಾಣ ಸಿಕ್ಕದ್ದು ಕಂಚಿನ ಲೋಟಗಳ ಅಡಿಯಲ್ಲಿ. ಕಪ್ಪುಗಟ್ಟಿತ್ತು, ಆದರೆ ಎಲ್ಲೂ ಜಜ್ಜಿರಲಿಲ್ಲ. ಬೆರಳಿನಿಂದ ಅಂಚನ್ನು ಒರೆಸಿದಾಗ ಚುಕ್ಕಿಚುಕ್ಕಿಯಾಗಿ ಕೆತ್ತಿದ ಅಕ್ಷರಗಳು ಕಂಡವು.

‘ಏನು ಬರ್ದಿದೆ ಅಕ್ಕಾ?’ ಎಂದು ವ್ಯಾಪಾರಿ ಕೇಳಿದರು. ಕನ್ನಡವನ್ನು ನಮ್ಮಂತೆಯೇ ಸರಾಗವಾಗಿ ಆಡುವ ಅವರಿಗೆ ಓದಲು ಬರುತ್ತಿರಲಿಲ್ಲ. ನಾನು ಗಟ್ಟಿಯಾಗಿ ಓದಿದೆ. ಚಿ. ಸೌ. ಎಂದು ಮೊದಲಾಗಿ ಒಬ್ಬ ಹೆಣ್ಣುಮಗಳ ಹೆಸರು, ‘ಸೋದರಮಾವನ ಆಶೀರ್ವಾದ’ ಎಂಬ ಎರಡು ಪದ, ಕೊನೆಯಲ್ಲಿ 12-5-68. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಆಕೆ ಇಂದು ಎಪ್ಪತ್ತೈದು, ಎಂಬತ್ತರ ವಯಸ್ಸಿನಲ್ಲಿ ಈ ಊರಿನಲ್ಲಿಯೇ ಇರಬಹುದು. ಆ ಅಕ್ಷರಗಳನ್ನು ಹರಿವಾಣದ ಮೇಲೆ ಕೆತ್ತಿಸಿದ ದಿನ ನಮ್ಮ ರಾಜ್ಯಕ್ಕಿನ್ನೂ ಕರ್ನಾಟಕ ಎಂಬ ಹೆಸರು ಬಂದಿರಲಿಲ್ಲ. ಅದು ಬಂದದ್ದು 1973ರಲ್ಲಿ.

‘ನಮ್ಮಲ್ಲೂ ಮಾಮೂನೇ ಕೊಡೋದು,’ ಎಂದರು ವ್ಯಾಪಾರಿ. ತಕ್ಕಡಿ ಒಂದು ಕಿಲೊ ಮುನ್ನೂರ ನಲವತ್ತು ಗ್ರಾಂ ತೋರಿಸಿತು. ಕಿಲೊಗೆ 650 ರೂಪಾಯಿಯ ಲೆಕ್ಕದಲ್ಲಿ ಬಂದದ್ದನ್ನು, ಇನ್ನೂ ಬೋಣಿಯಾಗಿಲ್ಲವೆಂದು ಹೇಳಿ, 850ಕ್ಕೆ ಇಳಿಸಿದರು. ನಾನು ಚೌಕಾಸಿ ಮಾಡಲಿಲ್ಲ. ರಸ್ತೆಬದಿಯ ಬಡ ವ್ಯಾಪಾರಿಯ ಹತ್ತಿರ ಇಪ್ಪತ್ತು ರೂಪಾಯಿಗೆ ಜಗಳವಾಡಿ, ಮಾಲ್‌ನಲ್ಲಿ ಬೆಲೆಚೀಟಿ ನೋಡಿ ಬಾಯಿಮುಚ್ಚಿಕೊಂಡು ಹಣ ಕೊಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಬೇಸರ. ಹಣ ಎಣಿಸುತ್ತಿರುವಾಗಲೇ ಅವರು ಆ ಮಾತು ಹೇಳಿದ್ದು. ಇನ್ನೂ ನೂರು ರೂಪಾಯಿ ಕೊಟ್ಟರೆ ಪಕ್ಕದ ಗಲ್ಲಿಯಲ್ಲಿ ಬಫಿಂಗ್ ಯಂತ್ರಕ್ಕೆ ಹಿಡಿಸಿ, ಅರ್ಧ ಗಂಟೆಯಲ್ಲಿ ಹೊಸದರಂತೆ ಮಾಡಿಸಿ ಕೊಡುತ್ತೇನೆ ಎಂದರು. ‘ಹೆಸರಿದ್ರೆ ತುಂಬಾ ಜನ ತಗೊಳಲ್ಲ ಅಕ್ಕಾ. ಮುಂಚೇನೇ ಉಜ್ಜಿಸಿ ಇಡ್ತೀವಿ. ಇದು ನಿನ್ನೆ ಬಂದಿದ್ದು, ಅದಕ್ಕೇ ಉಳ್ಕೊಂಡಿದೆ.’

ಧಾರವಾಡದ ಗೆಳತಿ ಉಜ್ಜಿಸುವುದೇ ಸರಿ ಎಂದಳು. ‘ಯಾರದೋ ಸೋದರಮಾವ ಯಾರಿಗೋ ಕೊಟ್ಟಿದ್ದು, ನಮ್ಮ ಮನ್ಯಾಗ ಹೆಸರ ಸಮೇತ ಇಟ್ಟುಕೊಂಡ್ರ ಕಸಗೊಂಡ ಬಂದಂಗ ಅನ್ನಿಸ್ತದ. ಹೆಸರು ತಗಸಿಬಿಡು, ಆಮ್ಯಾಲೆ ಅದು ನಿನ್ನದಾಗ್ತದ.’ ಅವಳು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಯಾವ ವಸ್ತು ಯಾರ ಹೆಸರಿನಲ್ಲಿದೆ ಎಂಬುದು ಅವಳಿಗೆ ಸಣ್ಣ ಸಂಗತಿಯಲ್ಲ. ಅವಳ ಮಾತಿನಲ್ಲಿದ್ದ ಪ್ರಾಮಾಣಿಕತೆಯನ್ನು ನಾನು ಗೌರವಿಸುತ್ತೇನೆ. ವಿನ್ಯಾಸದ ಗೆಳತಿಯ ಅಭಿಪ್ರಾಯ ಬೇರೆಯಿತ್ತು. ಹೆಸರು ಮತ್ತು ಇಸವಿ ಇದ್ದರೆ ಬೆಲೆ ಹೆಚ್ಚು, ದೊಡ್ಡ ಅಂಗಡಿಗಳಲ್ಲಿ ಇಂಥದ್ದನ್ನೇ ‘ವಿಂಟೇಜ್’ ಎಂದು ಚೀಟಿ ಅಂಟಿಸಿ ನಾಲ್ಕೈದು ಪಟ್ಟು ದುಡ್ಡಿಗೆ ಮಾರುತ್ತಾರೆ, ಸುಮ್ಮನೆ ಇಟ್ಟುಕೋ ಎಂದಳು. ಹೆಸರು ಉಳಿಯಲಿ ಎಂದೇ ನಾನೂ ಬಯಸಿದ್ದೆ, ಆದರೆ ಅವಳ ಈ ಕಾರಣಕ್ಕಲ್ಲ. ಒಬ್ಬಳ ಮದುವೆಯ ದಿನಾಂಕವನ್ನು ನಮ್ಮ ಕೋಣೆಯ ಸೊಗಸಿಗೆ ಬಳಸಿಕೊಳ್ಳುವುದು, ಅದನ್ನು ಉಜ್ಜಿ ತೆಗೆಯುವುದಕ್ಕಿಂತ ಮೇಲೇನೂ ಅಲ್ಲ.

ಅರಸೀಕೆರೆಯಲ್ಲಿ ನನ್ನ ಬಾಲ್ಯದಲ್ಲಿ ಪಾತ್ರೆ ಅಂಗಡಿಯ ಮೆಟ್ಟಿಲಿನ ಮೇಲೆ ಹೆಸರು ಹಾಕುವವರೊಬ್ಬರು ಕೂರುತ್ತಿದ್ದರು. ಕೊಂಡ ಪಾತ್ರೆಯನ್ನು ಅವರ ಕೈಗೆ ಕೊಟ್ಟು ಹೆಸರು ಹೇಳಿದರೆ ಸಾಕು, ಮೊನಚಾದ ಪುಟ್ಟ ಉಳಿಯನ್ನು ಹಿಡಿದು, ಸಣ್ಣ ಸುತ್ತಿಗೆಯಿಂದ ಟಕಟಕನೆ ಬಡಿಯುತ್ತ, ಮೊದಲೇ ಗೆರೆ ಹಾಕಿಕೊಳ್ಳದೆಯೇ ಸಾಲು ನೆಟ್ಟಗೆ ಬರುವಂತೆ ಕೆತ್ತುತ್ತಿದ್ದರು. ಒತ್ತಕ್ಷರಗಳಿಗೆ ಮಾತ್ರ ಕೈ ನಿಧಾನವಾಗುತ್ತಿತ್ತು. ಆಮೇಲೆ ವಿದ್ಯುತ್ತಿನ ಕೆತ್ತುವ ಯಂತ್ರ ಬಂದು, ಅಕ್ಷರಗಳು ಗೀಚಿದ ಗೆರೆಗಳಾದವು. ಹೆಸರು ಹಾಕಿಸುವುದಕ್ಕೆ ಕಾರಣಗಳಿದ್ದವು. ಮದುವೆ, ಮುಂಜಿ, ತಿಥಿಗಳಿಗೆ ಬೀದಿಯ ಹತ್ತಾರು ಮನೆಗಳಿಂದ ಕೊಳಗ, ತಪ್ಪಲೆ, ಸೌಟುಗಳು ಬರುತ್ತಿದ್ದವು. ಊಟ ಮುಗಿದ ಮೇಲೆ ತೊಳೆದು ಒಟ್ಟಿದ ರಾಶಿಯಿಂದ ಯಾರದು ಯಾರಿಗೆ ಎಂದು ವಿಂಗಡಿಸಲು ಹೆಸರೊಂದೇ ದಾರಿ. ಮುಯ್ಯಿಯ ಪಾತ್ರೆಗೆ ಇನ್ನೊಂದು ಕಾರಣವೂ ಇತ್ತು. ಮದುವೆಯ ಮನೆಯಲ್ಲಿ ಒಬ್ಬರು ಪುಸ್ತಕ ಹಿಡಿದು ಕುಳಿತು ಯಾರು ಏನು ಮುಯ್ಯಿ ಮಾಡಿದರೆಂದು ಬರೆದುಕೊಳ್ಳುತ್ತಿದ್ದರು. ಅವರ ಮನೆಯಲ್ಲಿ ಶುಭಕಾರ್ಯವಾದಾಗ ಅದನ್ನು ನೋಡಿಕೊಂಡೇ ತಿರುಗಿ ಮಾಡಬೇಕು. ಪುಸ್ತಕ ಹರಿದುಹೋಗಬಹುದು, ಪಾತ್ರೆಯ ಮೇಲಿನ ಅಕ್ಷರ ಹೋಗುವುದಿಲ್ಲ. ಎರಡು ಮನೆಗಳ ನಡುವಿನ ಋಣ ಹಿತ್ತಾಳೆಯ ಮೇಲೆ ಕುಳಿತು ದಿನವೂ ಬೆಳಗಿಸಿಕೊಳ್ಳುತ್ತಿತ್ತು.

‘ಹೆಸರು ತೂಕಕ್ಕೆ ಬರಲ್ಲ’ ಎಂಬುದು ನಿಜವೇ ಎಂದು ಹರಿವಾಣ ಉಜ್ಜುತ್ತಿದ್ದ ರಾತ್ರಿ ಯೋಚಿಸಿದೆ. ಉಳಿಯ ಪೆಟ್ಟಿಗೆ ಲೋಹ ಒಳಗೆ ಸರಿಯುತ್ತದೆ, ಸುತ್ತ ಸ್ವಲ್ಪ ಉಬ್ಬುತ್ತದೆ, ಆದರೆ ಚೂರಾಗಿ ಕಳಚುವುದಿಲ್ಲ. ಹಾಗಾಗಿ ಚುಕ್ಕಿಯಲ್ಲಿ ಬರೆದ ಹೆಸರಿನಿಂದ ಪಾತ್ರೆಯ ತೂಕ ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ವ್ಯಾಪಾರಿಯ ಲೆಕ್ಕ ಸರಿ. ಆದರೆ ಆ ಹೆಸರನ್ನು ಅಳಿಸಬೇಕಾದರೆ ಕೇವಲ ಅಕ್ಷರಗಳನ್ನು ತೆಗೆಯುವುದು ಸಾಧ್ಯವಿಲ್ಲ. ಚುಕ್ಕಿಯ ಆಳದವರೆಗೆ ಸುತ್ತಲಿನ ಹಿತ್ತಾಳೆಯನ್ನೇ ತೇಯಬೇಕು. ಅಂಚು ತೆಳುವಾಗುತ್ತದೆ, ತೇಯ್ದ ಹಿತ್ತಾಳೆ ಪುಡಿಯಾಗಿ ಗಾಳಿಗೆ ಹೋಗುತ್ತದೆ. ಬರೆಯುವಾಗ ಏನನ್ನೂ ಕಳೆದುಕೊಳ್ಳದ ಹರಿವಾಣ, ಅಳಿಸುವಾಗ ತನ್ನ ಮೈಯನ್ನೇ ಕಳೆದುಕೊಳ್ಳುತ್ತದೆ. ಧಾರವಾಡದ ಗೆಳತಿಗೆ ಇದನ್ನು ಫೋನಿನಲ್ಲಿ ವಿವರಿಸಿದಾಗ ಅವಳು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, ‘ಇರ್ಲಿ ಬಿಡು, ಆದ್ರ ಆ ಹೆಸರಿನ ಮ್ಯಾಲ ಕಪ್ ಇಡಬ್ಯಾಡ್ರಿ’ ಎಂದಳು. ಅದು ನ್ಯಾಯವಾದ ಷರತ್ತು.

ಇದು ಗುಜರಿಗೆ ಹೇಗೆ ಬಂತು ಎಂದು ಕೇಳಿದಾಗ ವ್ಯಾಪಾರಿ ಹೇಳಿದ್ದು ‘ಮನೆ ಖಾಲಿ ಮಾಡೋರು ಕೊಟ್ರು’ ಎಂದಷ್ಟೇ. ಆ ಒಂದು ಮಾತಿನಿಂದ ವಿನ್ಯಾಸದ ಗೆಳತಿ ಒಂದು ಕತೆಯನ್ನೇ ಕಟ್ಟಿದಳು: ತಾಯಿ ತೀರಿಕೊಂಡಿದ್ದಾರೆ, ಹಳೆಯ ಮನೆ ಬಿಲ್ಡರಿಗೆ ಹೋಗಿದೆ, ಪರದೇಶದಲ್ಲಿರುವ ಮಕ್ಕಳು ಎಲ್ಲವನ್ನೂ ತೂಕಕ್ಕೆ ಹಾಕಿ ಹೋಗಿದ್ದಾರೆ. ಈ ನಗರದಲ್ಲಿ ಹಾಗೆ ನಡೆಯುತ್ತಿರುವುದನ್ನು ನಾನೂ ಕಂಡಿದ್ದೇನೆ. ಆದರೆ ಕಾಣದ ಮಕ್ಕಳನ್ನು ಕೃತಘ್ನರೆಂದು ತೀರ್ಮಾನಿಸುವುದು ಬಹಳ ಸುಲಭ. ಫೋಟೊ ತೆಗೆದು ಅಂತರಜಾಲದಲ್ಲಿ ಹಾಕಿ ಆ ಕುಟುಂಬವನ್ನು ಹುಡುಕೋಣ ಎಂಬ ಶಿಕ್ಷಕಿ ಗೆಳತಿಯ ಸಲಹೆಗೂ ನಾನು ಒಪ್ಪಲಿಲ್ಲ. ಯಾರೋ ಬೇಕೆಂದೇ ಬಿಟ್ಟುಕೊಟ್ಟ ವಸ್ತುವನ್ನು ಹಿಡಿದು ಅವರ ಬಾಗಿಲಿಗೆ ಹೋಗಿ ನಿಂತರೆ ಅದು ಉಪಕಾರವಾಗುತ್ತದೆಯೋ ಆರೋಪವಾಗುತ್ತದೆಯೋ ಹೇಳುವುದು ಕಷ್ಟ.

ಈ ವಿಷಯದಲ್ಲಿ ನನಗೆ ಹೆಚ್ಚು ತಿಳಿಸಿಕೊಟ್ಟವರು ಅಮ್ಮ. ಗುರುವಾರ ಫೋನಿನಲ್ಲಿ ಹರಿವಾಣದ ಕತೆಯನ್ನೆಲ್ಲ ಕೇಳಿಸಿಕೊಂಡು, ‘ನನ್ನ ಮದುವೇದೂ ಇಂಥದ್ದೇ ಇತ್ತು ಕಣೇ, ಸ್ಟೀಲ್ ಡಬ್ಬಿಗಳಿಗೆ ಕೊಟ್ಬಿಟ್ಟೆ’ ಎಂದರು. ಎಂಬತ್ತರ ದಶಕದಲ್ಲಿ ಬೀದಿ ಬೀದಿಯಲ್ಲಿ ಸ್ಟೀಲ್ ಪಾತ್ರೆಯವರು ಬಂದು ಹಳೆಯ ಹಿತ್ತಾಳೆ, ತಾಮ್ರ, ಜರತಾರಿ ಸೀರೆಗಳನ್ನು ತೆಗೆದುಕೊಂಡು ಹೊಳೆಯುವ ಡಬ್ಬಿಗಳನ್ನು ಕೊಟ್ಟುಹೋಗುತ್ತಿದ್ದರು. ಹಿತ್ತಾಳೆಗೆ ಕಾಲಕಾಲಕ್ಕೆ ಕಲಾಯಿ ಆಗಬೇಕು, ಇಲ್ಲದಿದ್ದರೆ ಹುಳಿ ಹಾಕಿದ ಅಡುಗೆ ಕಹಿಯಾಗುತ್ತದೆ. ದಿನವೂ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಕು. ‘ಉಜ್ಜಿ ಉಜ್ಜಿ ಕೈ ಸೋತುಹೋಗಿತ್ತು. ಸ್ಟೀಲ್ ಬಂದಿದ್ದು ದೊಡ್ಡ ಬಿಡುಗಡೆ ನನಗೆ.’ ಅವರ ದನಿಯಲ್ಲಿ ಒಂದಿಷ್ಟೂ ಪಶ್ಚಾತ್ತಾಪವಿರಲಿಲ್ಲ. ನಾವು ಭಾನುವಾರ ಅಷ್ಟು ಪ್ರೀತಿಯಿಂದ ಹುಡುಕಿ ತರುವ ಈ ಚೆಲುವು ಒಂದು ಕಾಲದ ಹೆಂಗಸರ ಮೊಣಕೈ ನೋವಾಗಿತ್ತು ಎಂಬುದನ್ನು ನಮ್ಮ ಯಾವ ವಿನ್ಯಾಸದ ಚರ್ಚೆಯೂ ನೆನೆದಿರಲಿಲ್ಲ. ಆ ಹೆಣ್ಣುಮಗಳೂ ತಾನಾಗಿಯೇ, ಸಂತೋಷದಿಂದಲೇ, ಅದನ್ನು ಕೊಟ್ಟಿರಬಹುದು.

‘ನಿನ್ನದರ ಮೇಲೂ ಹೆಸರಿತ್ತಾ?’ ಎಂದು ಕೇಳಿದೆ.

‘ಇಲ್ಲದೇ? ನಿಮ್ಮಜ್ಜ ಪಕ್ಕದಲ್ಲೇ ನಿಂತು ಹಾಕಿಸಿದ್ರು.’

ಬಜಾರಿನಲ್ಲಿ ಹುಡುಕಲೇ ಎಂದೆ. ಬೇಡವೆಂದರು. ಸಿಕ್ಕಿದವರು ಚೆನ್ನಾಗಿ ಇಟ್ಟುಕೊಂಡಿರಲಿ, ಉಜ್ಜಿಸಿದ್ದರೂ ಪರವಾಗಿಲ್ಲ ಎಂದರು. ಆಮೇಲೆ ಅವರು ಹೇಳಿದ್ದು ನನಗೆ ಗೊತ್ತೇ ಇರಲಿಲ್ಲ: ಆ ಹರಿವಾಣಕ್ಕೆ ಬದಲಾಗಿ ಬಂದ ಸ್ಟೀಲ್ ಡಬ್ಬಿಗಳಲ್ಲಿ ಎರಡನ್ನು, ನಾನು ಹುಟ್ಟಿದ ವರ್ಷ, ಅದೇ ಮೆಟ್ಟಿಲಿನ ಮೇಲೆ ಕೂರುತ್ತಿದ್ದವರ ಹತ್ತಿರ ಕೊಂಡೊಯ್ದು ನನ್ನ ಹೆಸರು ಹಾಕಿಸಿಟ್ಟಿದ್ದಾರಂತೆ. ಅಟ್ಟದ ಮೇಲೆ ಹಳೆಯ ಸೀರೆಯಲ್ಲಿ ಸುತ್ತಿಟ್ಟಿವೆ. ‘ಮನೆ ಸಿಂಗಾರ ಮಾಡ್ತಿದೀಯಲ್ಲ, ಬಂದು ತಗೊಂಡು ಹೋಗು’ ಎಂದರು.

ಹಿತ್ತಾಳೆಯ ಪಕ್ಕದಲ್ಲಿ ಸ್ಟೀಲ್ ಹೊಂದುವುದಿಲ್ಲ ಎಂದು ವಿನ್ಯಾಸದ ಗೆಳತಿ ಹೇಳಿದ್ದಾಳೆ. ಹೊಂದಿಸುವುದು ಅವಳ ಕೆಲಸವೆಂದು ನಾನೂ ಹೇಳಿದ್ದೇನೆ. ಈ ಶನಿವಾರ ಅರಸೀಕೆರೆಯ ರೈಲಿಗೆ ನಾಲ್ವರೂ ಟಿಕೆಟ್ ಮಾಡಿಸಿದ್ದೇವೆ. ಧಾರವಾಡದ ಗೆಳತಿ ದೊಡ್ಡ ಡಬ್ಬಿ ಎಷ್ಟು ಸೇರಿನದು, ಮುಚ್ಚಳ ಭದ್ರವಾಗಿದೆಯೇ, ಜೋಳದ ಹಿಟ್ಟು ತುಂಬಿಡಲು ಆಗುತ್ತದೆಯೇ ಎಂದು ಅಮ್ಮನನ್ನು ಈಗಾಗಲೇ ಫೋನಿನಲ್ಲಿ ವಿಚಾರಿಸಿಕೊಂಡಿದ್ದಾಳೆ.